ಹಾಯಿದೋಣಿಯ ಹಳೆಯ ಡೀಸೆಲ್ ಎಂಜಿನ್ ಬದಲಾವಣೆ: ಶಾಫ್ಟ್‌ನ ರೇಖೆಗೆ ಎಂಜಿನ್ ಕೂರಿಸುವ ಲೆಕ್ಕ

ಎಂಜಿನ್ ಬದಲಾವಣೆಯ ಬಗ್ಗೆ ಓದಲು ಕುಳಿತವರು ಮೊದಲು ನೋಡುವುದು ಅಶ್ವಶಕ್ತಿ, ತೂಕ ಮತ್ತು ಬೆಲೆಯನ್ನು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಓದುತ್ತ ಹೋದಂತೆ ಇಡೀ ಕೆಲಸ ಒಂದೇ ಒಂದು ರೇಖೆಗೆ ಕಟ್ಟುಬಿದ್ದಿದೆ ಎಂಬುದು ಸ್ಪಷ್ಟವಾಯಿತು. ಅದು ಪ್ರೊಪೆಲ್ಲರ್ ಶಾಫ್ಟ್‌ನ, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಪ್ರೊಪೆಲ್ಲರ್‌ಗೆ ಒಯ್ಯುವ ದಂಡದ, ನಡುರೇಖೆ. ದೋಣಿ ಕಟ್ಟುವಾಗ ಸ್ಟರ್ನ್ ಟ್ಯೂಬನ್ನು (ಶಾಫ್ಟ್ ದೋಣಿಯಿಂದ ಹೊರಹೋಗುವ ಕೊಳವೆ) ಕೂರಿಸಿದಾಗಲೇ ಆ ರೇಖೆ ನಿಗದಿಯಾಗಿದೆ. ಹೊಸ ಎಂಜಿನ್ ಎಷ್ಟೇ ಉತ್ತಮವಾಗಿರಲಿ, ಅದೇ ಬಂದು ಈ ರೇಖೆಗೆ ಹೊಂದಿಕೊಳ್ಳಬೇಕು. ಹೊಂದದಿದ್ದಾಗ ಶಾಫ್ಟನ್ನೇ ಎಂಜಿನ್ ಕಡೆಗೆ ಎಳೆದು ಬೋಲ್ಟ್ ಬಿಗಿದರೆ ಬೋಲ್ಟೇನೋ ಬಿಗಿಯುತ್ತದೆ. ಆಮೇಲೆ ನಡುಕ ಶುರುವಾಗುತ್ತದೆ, ಗೇರ್‌ಬಾಕ್ಸ್‌ನ ಹಿಂಬದಿಯ ಬೇರಿಂಗ್ ಸವೆಯುತ್ತದೆ, ನೀರು ತಡೆಯುವ ಗ್ಲ್ಯಾಂಡ್ ಸೋರುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಅಲೈನ್‌ಮೆಂಟ್, ಅಂದರೆ ಎಂಜಿನ್ನನ್ನು ಆ ರೇಖೆಗೆ ಹೊಂದಿಸುವ ಭಾಗವೇ ದೊಡ್ಡದು. ಸೇಲ್‌ಡ್ರೈವ್ (ತಳದಿಂದ ನೇರ ಕೆಳಕ್ಕಿಳಿದ ಕಾಲಿನಲ್ಲಿ ಪ್ರೊಪೆಲ್ಲರ್) ಇರುವ ದೋಣಿಗಳ ರಚನೆಯೇ ಬೇರೆ. ಇಲ್ಲಿರುವುದು ನೇರ ಶಾಫ್ಟ್ ಇರುವ ದೋಣಿಗಳ ವಿಷಯ.

ಎಷ್ಟು ಅಶ್ವಶಕ್ತಿ ಸಾಕು

ನೀರನ್ನು ಸೀಳಿಕೊಂಡು ಸಾಗುವ ದೋಣಿಯ ಒಡಲಿಗೆ ವೇಗದ ಮಿತಿಯಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲು ಎಂದು) ಸಿಗುತ್ತದೆ. 25 ಅಡಿಗೆ 6.7 ನಾಟ್. ಇದರಾಚೆಗೆ ಎಷ್ಟು ಶಕ್ತಿ ಸುರಿದರೂ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆಯೇ ಹೊರತು ಓಡುವುದಿಲ್ಲ. ರೂಢಿಯ ಅಂದಾಜು ಪ್ರತಿ ಟನ್ ತೂಕಕ್ಕೆ ಸುಮಾರು 4 ಅಶ್ವಶಕ್ತಿ. ಅಂದರೆ 5 ಟನ್ ದೋಣಿಗೆ 20ರ ಆಸುಪಾಸು. ಅದರ ಎರಡರಷ್ಟು ದೊಡ್ಡ ಎಂಜಿನ್ ಹಾಕಿ ಸದಾ ಅರ್ಧ ಹೊರೆಯಲ್ಲಿ ಓಡಿಸುವುದು ಡೀಸೆಲ್‌ಗೆ ಹಿತವಲ್ಲ. ಸಾಕಷ್ಟು ಬಿಸಿಯಾಗದ ಡೀಸೆಲ್ ಎಂಜಿನ್‌ನಲ್ಲಿ ಮಸಿ ಕಟ್ಟುತ್ತದೆ.

ಹಳೆಯದನ್ನು ಎತ್ತುವ ಮುನ್ನ

ಹಳೆಯ ಎಂಜಿನ್ ಇನ್ನೂ ತನ್ನ ಜಾಗದಲ್ಲಿರುವಾಗಲೇ ಅಳತೆ ಮುಗಿಸಬೇಕು. ಶಾಫ್ಟ್ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ತುದಿಯ ಬಿಲ್ಲೆ) ಎಲ್ಲಿ ಕೊನೆಯಾಗುತ್ತದೆ, ಎಂಜಿನ್ ಕೂರುವ ಎರಡು ತೊಲೆಗಳ ನಡುವಿನ ಅಗಲ ಎಷ್ಟು, ತೊಲೆಯ ಮೇಲ್ಮೈ ಶಾಫ್ಟ್ ರೇಖೆಗಿಂತ ಎಷ್ಟು ಕೆಳಗಿದೆ, ಶಾಫ್ಟ್ ಎಷ್ಟು ಡಿಗ್ರಿ ಓರೆಯಿದೆ ಎಂಬ ನಾಲ್ಕು ಸಂಗತಿಗಳು ಗೊತ್ತಾದರೆ ತಯಾರಕರು ಕೊಡುವ ಅಳತೆಯ ನಕ್ಷೆಯೊಂದಿಗೆ ಹೋಲಿಸಬಹುದು. ಹೊಸ ಎಂಜಿನ್‌ನ ಕಾಲುಗಳು ಹಳೆಯ ತೊಲೆಗಳ ಮೇಲೆ ಸರಿಯಾಗಿ ಕೂರುವುದು ಅಪರೂಪ. ಮುಖ್ಯ ಅಳತೆಗಳಿಗೆ ತಕ್ಕಂತೆ ಪ್ಲೈವುಡ್‌ನಲ್ಲಿ ಪೊಳ್ಳು ಅಚ್ಚು ಮಾಡಿ ಖಾಲಿ ಜಾಗದಲ್ಲಿ ಇಟ್ಟು ನೋಡುವುದು ಒಳ್ಳೆಯದು. ಆಯಿಲ್ ಕಡ್ಡಿ, ಫಿಲ್ಟರ್, ನೀರಿನ ಪಂಪ್‌ನ ಮುಚ್ಚಳ ಕೈಗೆ ಸಿಗುತ್ತವೆಯೇ ಎಂಬುದು ಆಗಲೇ ತಿಳಿಯುತ್ತದೆ.

ಪ್ರೊಪೆಲ್ಲರ್: ಹಳೆಯದೇ ಸಾಕೇ?

ಹಳೆಯ ಭಾರದ ಎಂಜಿನ್‌ಗಳು ನಿಮಿಷಕ್ಕೆ 2500 ಸುತ್ತಿನ ಆಸುಪಾಸಿನಲ್ಲಿ ಪೂರ್ಣ ಶಕ್ತಿ ಕೊಡುತ್ತಿದ್ದವು. ಈಗಿನ ಹಗುರ ಎಂಜಿನ್‌ಗಳಲ್ಲಿ ಅನೇಕವು 3600 ಸುತ್ತಿನವು. ಹಳೆಯ ಗೇರ್ ಅನುಪಾತ 2:1 ಇದ್ದರೆ ಶಾಫ್ಟ್ 1250 ಸುತ್ತುತ್ತಿತ್ತು. ಹೊಸದಕ್ಕೂ 2:1 ಇಟ್ಟರೆ ಅದು 1800 ಆಗುತ್ತದೆ. ಪ್ರೊಪೆಲ್ಲರ್ ಬೇಡುವ ಶಕ್ತಿ ಸುತ್ತಿನ ಘನಕ್ಕೆ ಅನುಗುಣವಾಗಿ ಏರುತ್ತದೆ. 1800ನ್ನು 1250ರಿಂದ ಭಾಗಿಸಿದರೆ 1.44, ಅದರ ಘನ ಹತ್ತಿರ ಹತ್ತಿರ 3. ಹಿಂದೆ 20 ಅಶ್ವಶಕ್ತಿ ನುಂಗುತ್ತಿದ್ದ ಅದೇ ಪ್ರೊಪೆಲ್ಲರ್ ಈಗ 60 ಕೇಳುತ್ತದೆ. ಅಷ್ಟು ಶಕ್ತಿಯಿಲ್ಲದ ಎಂಜಿನ್ 3600 ಮುಟ್ಟದೆ ಕಪ್ಪು ಹೊಗೆ ಕಾರುತ್ತದೆ. 2.6:1 ಅನುಪಾತದಲ್ಲಿ ಶಾಫ್ಟ್ ಸುತ್ತು 1385ಕ್ಕೆ ಇಳಿದು ಬೇಡಿಕೆ ಸುಮಾರು 27 ಆಗುತ್ತದೆ. ಹೊಸ ಎಂಜಿನ್ 20ರದ್ದಾದರೆ ಇದೂ ಹೆಚ್ಚೇ. ಆಗ ಪಿಚ್, ಅಂದರೆ ಜಾರದಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಇಳಿಸಲೇಬೇಕು.

ಪಿಚ್‌ನಿಂದ ವೇಗ ಅಂದಾಜಿಸಲು ಶಾಫ್ಟ್ ಸುತ್ತನ್ನು ಪಿಚ್‌ನ ಅಂಗುಲಗಳಿಂದ ಗುಣಿಸಿ 1215ರಿಂದ ಭಾಗಿಸಬೇಕು. ಒಂದು ನಾಟಿಕಲ್ ಮೈಲು 1852 ಮೀಟರ್, ಅಂದರೆ ಸುಮಾರು 72,900 ಅಂಗುಲ. ಗಂಟೆಗೆ ಅಷ್ಟು ಸಾಗುವುದೆಂದರೆ ನಿಮಿಷಕ್ಕೆ 1215 ಅಂಗುಲ. 1385 ಸುತ್ತು ಮತ್ತು 12 ಅಂಗುಲ ಪಿಚ್‌ಗೆ 13.7 ನಾಟ್ ಬರುತ್ತದೆ. ಹಾಯಿದೋಣಿಗಳಲ್ಲಿ ಇದರ ಅರ್ಧದಷ್ಟು ಪ್ರೊಪೆಲ್ಲರ್ ನೀರಿನಲ್ಲಿ ಜಾರುವುದರಲ್ಲೇ ಹೋಗುವುದು ಸಾಮಾನ್ಯ. ಉಳಿಯುವುದು 6.8 ನಾಟ್.

ಶಾಫ್ಟ್ ತಿರುಗುವ ದಿಕ್ಕನ್ನೂ ನೋಡಬೇಕು. ಹೊಸ ಗೇರ್‌ಬಾಕ್ಸ್ ವಿರುದ್ಧ ದಿಕ್ಕಿಗೆ ತಿರುಗಿಸುವುದಾದರೆ ಹಳೆಯ ಪ್ರೊಪೆಲ್ಲರ್ ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ.

ಅಲೈನ್‌ಮೆಂಟ್: ನಿಧಾನವಾಗಿ ಓದಬೇಕಾದ ಭಾಗ

ಗೇರ್‌ಬಾಕ್ಸ್‌ನ ಫ್ಲ್ಯಾಂಜ್ ಹಿಂದಕ್ಕೆ ಮುಖ ಮಾಡಿದೆ, ಶಾಫ್ಟ್‌ನ ಫ್ಲ್ಯಾಂಜ್ ಮುಂದಕ್ಕೆ. ಈ ಎರಡು ಲೋಹದ ಮುಖಗಳು ಒಂದರ ಮುಂದೊಂದು ಒಂದೇ ಕೇಂದ್ರದಲ್ಲಿ ಸಮಾನಾಂತರವಾಗಿ ನಿಲ್ಲಬೇಕು. ತಪ್ಪಲು ಎರಡು ಬಗೆಗಳಿವೆ. ಒಂದು, ಕೇಂದ್ರಗಳೇ ಮೇಲೆ ಕೆಳಗೆ ಅಥವಾ ಪಕ್ಕಕ್ಕೆ ಸರಿದಿರುವುದು. ಇನ್ನೊಂದು, ಕೇಂದ್ರ ಸರಿಯಿದ್ದರೂ ಮುಖಗಳು ಓರೆಯಾಗಿರುವುದು. ಮೊದಲನೆಯದನ್ನು ಮೊದಲು ಸರಿಪಡಿಸಬೇಕು. ಫ್ಲ್ಯಾಂಜ್‌ಗಳ ಅಂಚಿನ ಮೇಲೆ ನೇರ ಪಟ್ಟಿಯಿಟ್ಟು ನೋಡಬಹುದು. ಒಂದರ ನಡುವಿನ ಉಬ್ಬು ಇನ್ನೊಂದರ ಕುಳಿಯೊಳಕ್ಕೆ ಕೈಯ ಒತ್ತಡಕ್ಕೇ ಜಾರಿದರೆ ಕೇಂದ್ರ ಸರಿಯಿದೆ.

ಓರೆಯನ್ನು ಅಳೆಯುವುದು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳ ಕಟ್ಟು). ಬೋಲ್ಟ್ ಇಲ್ಲದೆ ಎರಡು ಮುಖಗಳನ್ನು ತಾಗುವಷ್ಟು ಹತ್ತಿರ ತಂದು, ಗಡಿಯಾರದ 12, 3, 6, 9ರ ಸ್ಥಾನಗಳಲ್ಲಿ ಅಂತರ ನೋಡಬೇಕು. ಅನುಮತಿಸುವ ವ್ಯತ್ಯಾಸ ಫ್ಲ್ಯಾಂಜ್ ವ್ಯಾಸದ ಸಾವಿರದ ಒಂದು ಪಾಲು: 100 ಮಿ.ಮೀ. ಫ್ಲ್ಯಾಂಜ್‌ಗೆ 0.1 ಮಿ.ಮೀ. ನಡುವೆ ರಬ್ಬರ್ ಕಪ್ಲಿಂಗ್ ಇದ್ದರೆ ಅದನ್ನು ತೆಗೆದು, ಬರಿಯ ಲೋಹದ ಮುಖಗಳನ್ನೇ ಅಳೆಯುವುದು ಸರಿ. ಬಾಗುವ ಕಪ್ಲಿಂಗ್ ಇದೆಯೆಂದು ಅಲೈನ್‌ಮೆಂಟ್ ಸಡಿಲ ಬಿಡುವುದನ್ನು ನಾನು ಒಪ್ಪುವುದಿಲ್ಲ. ಅದು ಇರುವುದು ಎಂಜಿನ್ನಿನ ಅಲುಗಾಟವನ್ನು ಸಹಿಸಲು, ಕೂರಿಸಿದವರ ಆತುರವನ್ನು ಮುಚ್ಚಲು ಅಲ್ಲ.

ನನಗೆ ತಲೆಗೆ ಹತ್ತಲು ಹೆಚ್ಚು ಹೊತ್ತು ಹಿಡಿದದ್ದು ಇದರ ಮುಂದಿನ ಪ್ರಶ್ನೆ: ಗೇಜ್ ತೋರಿಸುವ ಅಂತರ ಎಂಜಿನ್ ಓರೆ ಕೂತದ್ದರಿಂದ ಬಂದದ್ದೋ, ಫ್ಲ್ಯಾಂಜ್ ಅಥವಾ ಶಾಫ್ಟ್ ತಾನೇ ಸೊಟ್ಟಗಿರುವುದರಿಂದ ಬಂದದ್ದೋ? ಎರಡೂ ಗೇಜಿಗೆ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಲು ಎರಡೂ ಫ್ಲ್ಯಾಂಜ್‌ಗಳನ್ನು ಒಟ್ಟಿಗೆ ತಿರುಗಿಸಬೇಕು. ಎಂಜಿನ್ ಓರೆಯಿದ್ದರೆ ದೊಡ್ಡ ಅಂತರ ದೋಣಿಗೆ ಅಂಟಿಕೊಂಡಿರುತ್ತದೆ, ಎಷ್ಟು ತಿರುಗಿಸಿದರೂ 6ರಲ್ಲಿದ್ದದ್ದು 6ರಲ್ಲೇ ಉಳಿಯುತ್ತದೆ. ಫ್ಲ್ಯಾಂಜ್ ಸೊಟ್ಟಗಿದ್ದರೆ ದೊಡ್ಡ ಅಂತರ ಲೋಹಕ್ಕೆ ಅಂಟಿಕೊಂಡಿರುತ್ತದೆ, ಅರ್ಧ ಸುತ್ತು ತಿರುಗಿಸಿದರೆ ಅದೂ 6ರಿಂದ 12ಕ್ಕೆ ಹೋಗುತ್ತದೆ.

ವಾಸ್ತವದಲ್ಲಿ ಎರಡೂ ಬೆರೆತಿರುತ್ತವೆ. ಆಗ ಲೆಕ್ಕ ಹೀಗೆ. ಮೊದಲ ಅಳತೆಯಲ್ಲಿ ಕೆಳಗಿನ ಅಂತರ 0.45 ಮಿ.ಮೀ., ಮೇಲಿನದು 0.15. ಕೆಳಗೆ 0.30 ಹೆಚ್ಚು. ಎರಡನ್ನೂ ಅರ್ಧ ಸುತ್ತು ತಿರುಗಿಸಿದ ಮೇಲೆ ಕೆಳಗೆ 0.35, ಮೇಲೆ 0.25. ಕೆಳಗೆ 0.10 ಮಾತ್ರ ಹೆಚ್ಚು. ಎಂಜಿನ್ನಿನ ಓರೆ ಎರಡು ಸಲವೂ ಒಂದೇ ದಿಕ್ಕಿನಲ್ಲಿ ಸೇರಿದೆ. ಲೋಹದ ಸೊಟ್ಟು ಒಮ್ಮೆ ಕೂಡಿದೆ, ಇನ್ನೊಮ್ಮೆ ಕಳೆದಿದೆ. ಹಾಗಾಗಿ 0.30 ಮತ್ತು 0.10ರ ಸರಾಸರಿ 0.20 ಎಂಜಿನ್ನಿನ ಪಾಲು. ಅವುಗಳ ವ್ಯತ್ಯಾಸದ ಅರ್ಧ 0.10 ಲೋಹದ ಪಾಲು. ಎಂಜಿನ್ ಅಲುಗಾಡಿಸಿ ಸರಿಪಡಿಸಬಹುದಾದದ್ದು ಆ 0.20 ಮಾತ್ರ. ಉಳಿದ 0.10 ಎಷ್ಟು ನಟ್ ತಿರುಗಿಸಿದರೂ ಹೋಗುವುದಿಲ್ಲ. ಅದು ಇನ್ನೂ ದೊಡ್ಡದಾಗಿದ್ದರೆ ಫ್ಲ್ಯಾಂಜ್ ಮತ್ತು ಶಾಫ್ಟ್ ಲೇತ್ ಯಂತ್ರದ ಮೇಲೆ ಹೋಗಬೇಕು. ಯಾವುದು ಸೊಟ್ಟಗಿದೆ ಎಂದು ತಿಳಿಯಲು ಗೇರ್‌ಬಾಕ್ಸ್ ಫ್ಲ್ಯಾಂಜನ್ನು ಹಾಗೇ ಬಿಟ್ಟು ಶಾಫ್ಟ್ ಮಾತ್ರ ತಿರುಗಿಸಿ. ಅಂತರ ಅದರ ಜೊತೆ ಸುತ್ತಿದರೆ ದೋಷ ಶಾಫ್ಟ್ ಕಡೆಯದು.

ಇನ್ನು ಯಾವ ನಟ್ಟನ್ನು ಎತ್ತ ತಿರುಗಿಸಬೇಕು? ಇದಕ್ಕೆ ನನ್ನ ನೆಚ್ಚಿನ ಸೂತ್ರವಿದೆ: ಅಂತರ ಯಾವ ಕಡೆ ಹೆಚ್ಚೋ ಎಂಜಿನ್ನಿನ ಮೂತಿ ಆ ಕಡೆಗೆ ಹೋಗಬೇಕು. ಮೂತಿ ಎಂದರೆ ಗೇರ್‌ಬಾಕ್ಸ್ ಇಲ್ಲದ, ಮುಂದಿನ ತುದಿ. ಕೆಳಗೆ ಅಂತರ ಹೆಚ್ಚಿದ್ದರೆ ಮೂತಿಯನ್ನು ಇಳಿಸಿ, ಮೇಲೆ ಹೆಚ್ಚಿದ್ದರೆ ಏರಿಸಿ, ಎಡಕ್ಕೆ ಹೆಚ್ಚಿದ್ದರೆ ಎಡಕ್ಕೆ ಸರಿಸಿ. ಕಾರಣವನ್ನು ಕಾಗದದ ಮೇಲೆ ಗೀಚಿ ನೋಡಿದರೆ ತಿಳಿಯುತ್ತದೆ. ಮೂತಿ ಕೆಳಗಿಳಿದಾಗ ಎಂಜಿನ್ ಫ್ಲ್ಯಾಂಜ್‌ನ ಕೇಂದ್ರದ ಸುತ್ತ ತಿರುಗಿ, ಫ್ಲ್ಯಾಂಜ್‌ನ ಕೆಳ ಅಂಚು ಹಿಂದಕ್ಕೆ ಚಾಚಿ ಅಂತರವನ್ನು ಮುಚ್ಚುತ್ತದೆ.

ಎಷ್ಟು ಇಳಿಸಬೇಕೆಂಬುದು ಸಮರೂಪ ತ್ರಿಭುಜದ ಲೆಕ್ಕ. 100 ಮಿ.ಮೀ. ಫ್ಲ್ಯಾಂಜ್‌ನಲ್ಲಿ ಕೆಳಗೆ 0.4 ಹೆಚ್ಚಿದ್ದರೆ ಓರೆ 1000ಕ್ಕೆ 4. ಹಿಂದಿನ ಮೌಂಟ್‌ಗಳು (ಎಂಜಿನ್ನಿನ ಕಾಲುಗಳು ಕೂರುವ ರಬ್ಬರ್ ಆಧಾರಗಳು) ಫ್ಲ್ಯಾಂಜ್ ಮುಖದಿಂದ 250 ಮಿ.ಮೀ. ದೂರ, ಮುಂದಿನವು 750 ಎಂದಿಟ್ಟುಕೊಳ್ಳಿ. ಹಿಂದಿನವು 1 ಮಿ.ಮೀ. ಮತ್ತು ಮುಂದಿನವು 3 ಮಿ.ಮೀ. ಇಳಿಯಬೇಕು. ಮುಂದಿನವನ್ನು ಮಾತ್ರ ಇಳಿಸಿದರೆ ಓರೆಯ ಜೊತೆ ಕೇಂದ್ರವೂ ಕದಲುತ್ತದೆ. ಸರಿಪಡಿಸಿದ ಕೇಂದ್ರ ಮತ್ತೆ ಮತ್ತೆ ಕೆಡುವುದು ಇದರಿಂದಲೇ. ಮೌಂಟ್ ಬೋಲ್ಟ್‌ನ ಎಳೆಯ ಅಂತರ 1.5 ಮಿ.ಮೀ. ಇದ್ದರೆ ನಟ್ಟಿನ ಆರು ಮುಖಗಳಲ್ಲಿ ಒಂದು ಮುಖ ತಿರುಗಿಸಿದರೆ 0.25 ಮಿ.ಮೀ. ಹಾಗಾಗಿ ಹಿಂದೆ 4 ಮುಖ, ಮುಂದೆ 12 ಮುಖ, ಅಂದರೆ ಎರಡು ಪೂರ್ಣ ಸುತ್ತು. ಎಡ ಬಲ ಎರಡರಲ್ಲೂ ಒಂದೇ ಅಳತೆ ತಿರುಗಿಸಬೇಕು, ಇಲ್ಲವಾದರೆ ಎಂಜಿನ್ ಮೂರು ಕಾಲಿನ ಮೇಲೆ ನಿಲ್ಲುತ್ತದೆ.

ಇಷ್ಟರ ನಡುವೆ ಶಾಫ್ಟ್ ತನ್ನ ಭಾರಕ್ಕೆ ತಾನೇ ಬಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬೋಲ್ಟ್ ಬಿಚ್ಚಿದಾಗ ಅದರ ಒಳತುದಿ ಜೋತುಬೀಳುತ್ತದೆ. ಹೊರಚಾಚಿದ ಶಾಫ್ಟ್‌ನ ಅರ್ಧ ತೂಕ ಮತ್ತು ಫ್ಲ್ಯಾಂಜ್‌ನ ಪೂರ್ಣ ತೂಕವನ್ನು ಕೂಡಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಅಷ್ಟು ಭಾರ ಮೇಲಕ್ಕೆಳೆದು ಹಿಡಿದು ಅಳೆಯಬೇಕು. 25 ಮಿ.ಮೀ. ಉಕ್ಕಿನ ಶಾಫ್ಟ್ ಮೀಟರಿಗೆ ಸುಮಾರು 3.9 ಕಿಲೋ. 60 ಸೆಂ.ಮೀ. ಹೊರಚಾಚಿದ್ದರೆ ಅರ್ಧ ತೂಕ 1.2, ಫ್ಲ್ಯಾಂಜ್ 2 ಕಿಲೋ. ಒಟ್ಟು 3.2 ಕಿಲೋ ಎಳೆತ.

ಅಂತಿಮ ಅಳತೆ ದೋಣಿ ನೀರಿನಲ್ಲಿದ್ದಾಗಲೇ ಆಗಬೇಕು. ದಡದ ಮೇಲೆ ಆಧಾರಗಳ ನಡುವೆ ನಿಂತ ಒಡಲಿನ ಆಕಾರ ನೀರಿನಲ್ಲಿ ತುಸು ಬದಲಾಗುತ್ತದೆ, ಹಾಯಿಯ ಕಂಬದ ತಂತಿಗಳನ್ನು ಬಿಗಿದಾಗ ಇನ್ನಷ್ಟು. ಹೊಸ ರಬ್ಬರ್ ಮೌಂಟ್‌ಗಳೂ ಭಾರ ಹೊತ್ತು ಇಳಿಯುತ್ತವೆ. ಒಂದೆರಡು ದಿನ ಬಿಟ್ಟು ಅಳೆಯುವುದು ರೂಢಿ. ಮೌಂಟ್‌ನ ಎತ್ತರ ಸಾಲದಿದ್ದರೆ ಬೋಲ್ಟ್‌ನ ತುದಿಯವರೆಗೆ ನಟ್ ಏರಿಸದೆ ಮೌಂಟ್‌ನ ಅಡಿಗೆ ಉಕ್ಕಿನ ಹಲಗೆ ಕೊಡಬೇಕು. ಎತ್ತರದಲ್ಲಿ ಕೂತ ಎಂಜಿನ್ ಬೋಲ್ಟನ್ನು ಬಾಗಿಸುತ್ತದೆ.

ತಂಪು ನೀರು ಮತ್ತು ಹೊಗೆಯ ದಾರಿ

ಹಳೆಯ ಎಂಜಿನ್‌ಗಳಲ್ಲಿ ಹಲವು ತಂಪಿಗಾಗಿ ಸಮುದ್ರದ ನೀರನ್ನೇ ತಮ್ಮೊಳಗೆ ಹರಿಸುತ್ತಿದ್ದವು. ಉಪ್ಪು ಕಟ್ಟದಿರಲೆಂದು ಅವು 60 ಡಿಗ್ರಿಯ ಆಸುಪಾಸಿನಲ್ಲೇ ಓಡಬೇಕಿತ್ತು. ಈಗಿನವುಗಳಲ್ಲಿ ಒಳಗೆ ಸಿಹಿನೀರು, ಹೊರಗೆ ಅದನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರ್. ಬಿಸಿ ಹೆಚ್ಚು, ಸವೆತ ಕಡಿಮೆ. ಯಾನ್ಮಾರ್‌ನ 2ಜಿಎಂ20 ಮತ್ತು 2ಜಿಎಂ20ಎಫ್ ನಡುವಿನ ವ್ಯತ್ಯಾಸವೇ ಇದು, ಎಫ್ ಇರುವುದು ಸಿಹಿನೀರಿನದು.

ಎಕ್ಸಾಸ್ಟ್ ಕೊಳವೆಯನ್ನು ಹೊಸ ಎಂಜಿನ್ನಿನ ತಯಾರಕರು ಹೇಳಿದ ವ್ಯಾಸಕ್ಕಿಂತ ಕಿರಿದಾಗಿಸಬಾರದು. ಹೊಗೆಯನ್ನು ತಣಿಸಲು ಅದಕ್ಕೆ ಸಮುದ್ರದ ನೀರು ಸೇರುವ ಜಾಗ ದೋಣಿಯ ನೀರಿನ ಮಟ್ಟಕ್ಕಿಂತ ಕೆಳಗೆ ಅಥವಾ ಅದಕ್ಕೆ ಹತ್ತಿರ ಇದ್ದರೆ, ನೀರಿನ ಕೊಳವೆಯನ್ನು ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ಸೈಫನ್ ಮುರಿಯುವ ಕವಾಟ ಹಾಕಲೇಬೇಕು. ಇಲ್ಲವಾದರೆ ನಿಂತ ಎಂಜಿನ್ನಿನೊಳಕ್ಕೆ ಸಮುದ್ರ ತಾನಾಗಿ ಹರಿದು ಬರುತ್ತದೆ. ಹೊಸ ಎಂಜಿನ್ ಮೊದಲ ಸಲ ಹೊತ್ತಿಕೊಳ್ಳಲು ತಡಮಾಡಿದಾಗ ಸ್ಟಾರ್ಟರನ್ನು ಮತ್ತೆ ಮತ್ತೆ ತಿರುಗಿಸುವುದು ಸಹಜ. ಆಗ ಪಂಪ್ ನೀರೆತ್ತುತ್ತಲೇ ಇರುತ್ತದೆ, ಹೊರದೂಡುವ ಹೊಗೆಯ ಒತ್ತಡ ಇರುವುದಿಲ್ಲ. ವಾಟರ್‌ಲಾಕ್ (ಎಕ್ಸಾಸ್ಟ್ ದಾರಿಯಲ್ಲಿ ನೀರು ಹಿಡಿದಿಡುವ ಡಬ್ಬ) ತುಂಬಿ ನೀರು ಸಿಲಿಂಡರಿಗೆ ನುಗ್ಗುತ್ತದೆ. ತಡವಾದರೆ ಸಮುದ್ರದ ನೀರಿನ ಕವಾಟ ಮುಚ್ಚಿ, ಹೊತ್ತಿಕೊಂಡ ಕೂಡಲೇ ತೆರೆಯಿರಿ.

ಉಳಿದವು

ಡೀಸೆಲ್ ಟ್ಯಾಂಕಿನ ತಳದ ಕೆಸರನ್ನು ತೆಗೆಯದೆ ಹೊಸ ಇಂಜೆಕ್ಟರ್‌ಗಳಿಗೆ ಇಂಧನ ಕೊಡಬೇಡಿ. ಇಂಧನ ಹಿಂತಿರುಗುವ ಕೊಳವೆ ಟ್ಯಾಂಕಿಗೇ ಹೋಗಬೇಕು. ಹೊಸ ಆಲ್ಟರ್ನೇಟರ್ ಹೆಚ್ಚು ಆಂಪಿಯರಿನದಾದರೆ ಬ್ಯಾಟರಿ ತಂತಿಯೂ ದಪ್ಪವಾಗಬೇಕು. ಗಾಳಿಯ ಲೆಕ್ಕವನ್ನು ಅನೇಕರು ಬಿಡುತ್ತಾರೆ: 1.1 ಲೀಟರ್ ಎಂಜಿನ್ 3600 ಸುತ್ತಿನಲ್ಲಿ ನಿಮಿಷಕ್ಕೆ 1800 ಸಲ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಅದು ಹತ್ತಿರ ಹತ್ತಿರ 2 ಘನ ಮೀಟರ್. ಅದೇ ಗಾತ್ರದ 2500 ಸುತ್ತಿನ ಹಳೆಯದಕ್ಕೆ 1.4 ಸಾಕಾಗಿತ್ತು.

ಮೊದಲ ಓಟ ಮತ್ತು 50 ಗಂಟೆ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತೆರೆದ ನೀರಿನಲ್ಲಿ ಪೂರ್ಣ ಥ್ರಾಟಲ್ ಕೊಟ್ಟು ನೋಡಿ. ತಯಾರಕರು ಹೇಳಿದ ಗರಿಷ್ಠ ಸುತ್ತು ಮುಟ್ಟದಿದ್ದರೆ ಪಿಚ್ ಹೆಚ್ಚಾಗಿದೆ, ಸಲೀಸಾಗಿ ದಾಟಿದರೆ ಕಡಿಮೆಯಾಗಿದೆ. ಒಂದು ಅಂಗುಲ ಪಿಚ್ ಬದಲಿಸಿದರೆ ಎಂಜಿನ್ ಸುತ್ತಿನಲ್ಲಿ ಸುಮಾರು 150ರಿಂದ 200ರಷ್ಟು ವ್ಯತ್ಯಾಸ ನಿರೀಕ್ಷಿಸಬಹುದು.

ಮೊದಲ 50 ಗಂಟೆಗಳ ಸರ್ವಿಸ್‌ನಲ್ಲಿ ಆಯಿಲ್ ಬದಲಿಸುವುದರ ಜೊತೆಗೆ ಕಪ್ಲಿಂಗ್ ಬಿಚ್ಚಿ ಮತ್ತೆ ಅಳೆಯಬೇಕು. ನಾಲ್ಕೂ ಮೌಂಟ್‌ಗಳು ಒಂದೇ ಸಮ ಇಳಿದಿದ್ದರೆ ಕೇಂದ್ರ ಕೆಳಕ್ಕೆ ಸರಿದಿರುತ್ತದೆ, ಓರೆ ಇರುವುದಿಲ್ಲ. ಮುಂದಿನವು ಮಾತ್ರ ಇಳಿದಿದ್ದರೆ ಮೇಲಿನ ಅಂತರ ಹಿಗ್ಗಿರುತ್ತದೆ, ಮೂತಿ ಮೇಲೆ ಹೋಗಬೇಕು. ನಾಲ್ಕೂ ಸ್ಥಾನಗಳ ಅಳತೆಯನ್ನು ದಿನಾಂಕದೊಂದಿಗೆ ಎಂಜಿನ್ ಪುಸ್ತಕದಲ್ಲಿ ಬರೆದಿಟ್ಟರೆ ಯಾವ ಮೌಂಟ್ ಕುಸಿಯುತ್ತಿದೆ ಎಂಬುದು ಮುಂದಿನ ಅಳತೆಯಲ್ಲಿ ತಿಳಿಯುತ್ತದೆ.