ಶಾಲೆಯಲ್ಲಿ ಎಲ್ಲವನ್ನೂ ತಾನೇ ಮಾಡುವ ಮಗು ಮನೆಯಲ್ಲಿ ‘ನೀನೇ ಮಾಡು’ ಎನ್ನುವುದೇಕೆ?

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕು ವರ್ಷ. ಮಾಂಟೆಸ್ಸೊರಿ ಶಾಲೆಗೆ ಹೋಗುತ್ತಿದ್ದಾನೆ. ಅಲ್ಲಿ ತಾನೇ ಶೂ ಹಾಕಿಕೊಳ್ಳುತ್ತಾನೆ, ಜಗ್ಗಿನಿಂದ ನೀರು ಬಗ್ಗಿಸಿಕೊಳ್ಳುತ್ತಾನೆ, ಚೆಲ್ಲಿದರೆ ಒರೆಸುತ್ತಾನೆ ಎಂದು ಶಿಕ್ಷಕಿ ಹೇಳುತ್ತಾರೆ. ಮನೆಯಲ್ಲಾದರೆ ಕಾಲು ಚಾಚಿ ಕುಳಿತು ‘ಅಮ್ಮಾ, ನೀನೇ ಹಾಕು’ ಎನ್ನುತ್ತಾನೆ. ಅಂಗಿಯ ಒಂದು ಗುಂಡಿ ತೂರದಿದ್ದರೂ ಅಳುತ್ತಾನೆ. ಶಾಲೆಯವರು ಹೇಳುವುದು ನಿಜವೇ? ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಶಾಲೆಯವರು ಹೇಳುವುದು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಮಾಂಟೆಸ್ಸೊರಿ ಎಂದರೆ ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಂಡು, ತಾನೇ ಮಾಡಿ ಕಲಿಯುವ ಪದ್ಧತಿ. ಆದರೆ ಆ ಹೆಸರನ್ನು ಯಾವ ಶಾಲೆ ಬೇಕಾದರೂ ಫಲಕದ ಮೇಲೆ ಬರೆಸಿಕೊಳ್ಳಬಹುದು. ಆದ್ದರಿಂದ ಒಂದು ದಿನ ತರಗತಿಯಲ್ಲಿ ಸುಮ್ಮನೆ ಕುಳಿತು ನೋಡಲು ಅವಕಾಶ ಕೇಳಿ. ಕುಳಿತಾಗ ನಿಮ್ಮ ಮಗನನ್ನಷ್ಟೇ ನೋಡಬೇಡಿ. ಕೋಣೆಯನ್ನು ನೋಡಿ, ಗಡಿಯಾರವನ್ನು ನೋಡಿ, ಶಿಕ್ಷಕಿ ಏನೇನು ಮಾಡದೆ ಬಿಡುತ್ತಾರೆ ಎಂಬುದನ್ನು ನೋಡಿ. ನಿಮ್ಮ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.

ಮೊದಲು ಕೋಣೆ. ಕೋಟು ನೇತುಹಾಕುವ ಕೊಕ್ಕೆ ಮಗುವಿನ ಭುಜದ ಎತ್ತರಕ್ಕಿರುತ್ತದೆ. ಕಪಾಟಿಗೆ ಬಾಗಿಲಿರುವುದಿಲ್ಲ. ಮೂರು ವರ್ಷದ ಮಗು ಎತ್ತಿಕೊಂಡು ಹೋಗುವಷ್ಟು ಹಗುರವಾದ ಕುರ್ಚಿಗಳು. ನೀರಿನ ಜಗ್ಗು ಮಗುವಿನ ಹಿಡಿತಕ್ಕೆ ಸಿಗುವಷ್ಟು ಪುಟ್ಟದು, ಅದರ ಪಕ್ಕದಲ್ಲೇ ಒಂದು ಸ್ಪಂಜು. ಈ ಸ್ಪಂಜನ್ನು ವಿಶೇಷವಾಗಿ ಗಮನಿಸಿ. ನೀರು ಚೆಲ್ಲುತ್ತದೆ ಎಂದು ತಿಳಿದೇ ಅದನ್ನು ಅಲ್ಲಿಟ್ಟಿರುತ್ತಾರೆ. ಚೆಲ್ಲಿದ್ದನ್ನು ಒರೆಸುವುದು ನೀರು ಬಗ್ಗಿಸುವ ಕೆಲಸದ್ದೇ ಒಂದು ಭಾಗ. ಹಾಗಾಗಿ ಚೆಲ್ಲಿದ ಮಗು ತಲೆ ಎತ್ತಿ ಯಾರ ಮುಖವನ್ನೂ ನೋಡುವುದಿಲ್ಲ, ನೇರವಾಗಿ ಸ್ಪಂಜಿಗೆ ಕೈ ಹಾಕುತ್ತದೆ.

ಈ ಬಾಗಿಲಿಲ್ಲದ ತಗ್ಗು ಕಪಾಟಿನ ಹಿಂದೆ ಒಂದು ಪ್ರಸಂಗವಿದೆ. ಈ ಪದ್ಧತಿಯನ್ನು ರೂಪಿಸಿದ, ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸೊರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಆರಂಭದಲ್ಲಿ ಸಲಕರಣೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ಶಿಕ್ಷಕಿಯ ನಿರ್ಧಾರ. ಒಂದು ದಿನ ಬೀಗ ಹಾಕಲು ಮರೆತಿದ್ದ ಶಿಕ್ಷಕಿ ತಡವಾಗಿ ಬಂದು ನೋಡಿದರೆ, ಮಕ್ಕಳು ಬೀರು ತೆರೆದು ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದರು. ಶಿಕ್ಷಕಿಯ ಕಣ್ಣಿಗೆ ಅದು ಕಳ್ಳತನವಾಗಿ ಕಂಡಿತು. ಈ ಮಕ್ಕಳಿಗೆ ಪ್ರತಿಯೊಂದು ವಸ್ತುವೂ ಚೆನ್ನಾಗಿ ಪರಿಚಯವಾಗಿದೆ, ಈಗ ಅವರು ತಾವೇ ಆರಿಸಿಕೊಳ್ಳಬಲ್ಲರು ಎಂಬುದು ಮಾಂಟೆಸ್ಸೊರಿ ಕಂಡದ್ದು. ಆಮೇಲೆ ಬೀಗದ ಬೀರು ಹೋಗಿ ತಗ್ಗು ಕಪಾಟು ಬಂತು. ಮಕ್ಕಳು ಅದೇ ಮಕ್ಕಳು, ವಸ್ತುಗಳೂ ಅವೇ. ಬದಲಾದದ್ದು ಅವರ ಬಗ್ಗೆ ದೊಡ್ಡವರಿಗಿದ್ದ ಅಭಿಪ್ರಾಯ.

ಇನ್ನು ಗಡಿಯಾರ. ಮೂರರಿಂದ ಆರು ವರ್ಷದ ಮಕ್ಕಳ ಮಾಂಟೆಸ್ಸೊರಿ ತರಗತಿಯಲ್ಲಿ ಬೆಳಗಿನ ಸುಮಾರು ಮೂರು ಗಂಟೆಗಳ ಅವಧಿಯನ್ನು ತುಂಡು ಮಾಡದೆ ಬಿಡುತ್ತಾರೆ. ಗಂಟೆ ಬಾರಿಸುವುದಿಲ್ಲ, ಎಲ್ಲರೂ ಈಗ ಇದನ್ನು ಬಿಟ್ಟು ಅದನ್ನು ಹಿಡಿಯಿರಿ ಎನ್ನುವುದಿಲ್ಲ. ದೊಡ್ಡವರಿಗೆ ಶೂ ಹಾಕಿಕೊಳ್ಳುವುದು ಒಂದು ಕೆಲಸ. ನಾಲ್ಕು ವರ್ಷದ ಮಗುವಿಗೆ ಅದು ಏಳೆಂಟು ಕೆಲಸ: ಜೋಡಿ ಹುಡುಕಬೇಕು, ಎಡ ಯಾವುದು ಬಲ ಯಾವುದು ಎಂದು ನೋಡಬೇಕು, ಪಟ್ಟಿ ಬಿಚ್ಚಬೇಕು, ಶೂವಿನ ನಾಲಿಗೆಯನ್ನು ಹೊರಗೆಳೆಯಬೇಕು, ಬೆರಳುಗಳನ್ನು ಒಳಗೆ ತೂರಿಸಬೇಕು, ಹಿಮ್ಮಡಿ ಮಡಚಿಕೊಳ್ಳದ ಹಾಗೆ ಒತ್ತಬೇಕು, ಪಟ್ಟಿ ಅಂಟಿಸಬೇಕು. ಹೊರಡುವ ಗಡಿಬಿಡಿಯಲ್ಲಿ, ಬಾಗಿಲ ಬಳಿ ಬೀಗ ಹಿಡಿದು ನಿಂತ ಅಮ್ಮನ ಎದುರಿಗೆ ಇದು ಸಾಧ್ಯವಾಗದು ಎಂಬುದು ಮಗುವಿಗೇ ಮೊದಲು ಗೊತ್ತಾಗುತ್ತದೆ. ‘ನೀನೇ ಹಾಕು’ ಎನ್ನುವುದು ಅನೇಕ ಸಲ ಸೋಮಾರಿತನದ ಮಾತಲ್ಲ, ಪರಿಸ್ಥಿತಿಯ ಸರಿಯಾದ ಅಂದಾಜು.

ಮೂರನೆಯದಾಗಿ ಶಿಕ್ಷಕಿ. ಮೂರರಲ್ಲಿ ಇದೇ ಕಷ್ಟದ್ದು, ಇದೇ ಮುಖ್ಯವಾದದ್ದು. ನುರಿತ ಮಾಂಟೆಸ್ಸೊರಿ ಶಿಕ್ಷಕಿ ಒಂದು ಕೆಲಸವನ್ನು ತೋರಿಸುವಾಗ ಹೆಚ್ಚು ಮಾತನಾಡುವುದಿಲ್ಲ. ಕೈಗಳು ಬೇಕೆಂದೇ ನಿಧಾನವಾಗಿ ಚಲಿಸುತ್ತವೆ. ಬಾಯಿ ಮಾತನಾಡಿದರೆ ಮಗು ಬಾಯಿಯನ್ನು ನೋಡುತ್ತದೆ, ಕೈಯನ್ನು ನೋಡುವುದಿಲ್ಲ. ತೋರಿಸಿ ಮುಗಿದ ಮೇಲೆ ಅವರು ಹಿಂದೆ ಸರಿಯುತ್ತಾರೆ. ಮಗು ತಪ್ಪು ಮಾಡಿದಾಗ ತಕ್ಷಣ ಮುನ್ನುಗ್ಗಿ ತಿದ್ದುವುದಿಲ್ಲ.

ತಪ್ಪನ್ನು ಯಾರು ತಿದ್ದುತ್ತಾರೆ ಹಾಗಾದರೆ? ಸಲಕರಣೆಯೇ ತಿದ್ದುತ್ತದೆ. ಕಪಾಟಿನಲ್ಲಿ ಉದ್ದನೆಯ ಮರದ ದಿಮ್ಮಿಯೊಂದು ಕಾಣುತ್ತದೆ. ಅದರಲ್ಲಿ ಹತ್ತು ಕುಳಿಗಳು, ಅವುಗಳಿಗೆ ಹೊಂದುವ ಹತ್ತು ಸಿಲಿಂಡರುಗಳು, ಪ್ರತಿಯೊಂದಕ್ಕೂ ಹಿಡಿಯಲು ಪುಟ್ಟ ಗುಬಟು. ಮಗು ಎಲ್ಲವನ್ನೂ ಹೊರತೆಗೆದು, ಬೆರೆಸಿ, ಮತ್ತೆ ಅವುಗಳ ಜಾಗಕ್ಕೆ ಸೇರಿಸಬೇಕು. ಸಣ್ಣ ಸಿಲಿಂಡರನ್ನು ದೊಡ್ಡ ಕುಳಿಗೆ ಹಾಕಿದರೆ ಅದು ಒಳಗೆ ಇಳಿಯುತ್ತದೆ, ಆ ಕ್ಷಣಕ್ಕೆ ಏನೂ ಎಡವಟ್ಟು ಕಾಣುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಿಲಿಂಡರು ಕೈಯಲ್ಲೇ ಉಳಿಯುತ್ತದೆ, ಉಳಿದ ಕುಳಿ ಅದಕ್ಕೆ ಸಾಲುವುದಿಲ್ಲ. ಮಗು ಅದನ್ನು ಒತ್ತಿ ನೋಡುತ್ತದೆ, ತಿರುಗಿಸಿ ನೋಡುತ್ತದೆ, ಒಮ್ಮೆ ಶಿಕ್ಷಕಿಯತ್ತ ಕಣ್ಣು ಹಾಯಿಸುತ್ತದೆ. ಶಿಕ್ಷಕಿ ಬೇರೆ ಮಗುವಿನ ಜೊತೆಗಿದ್ದಾರೆ. ಆಗ ಅದು ದಿಮ್ಮಿಯನ್ನು ಮತ್ತೆ ನೋಡುತ್ತದೆ, ಸಡಿಲವಾಗಿ ಕುಳಿತ ಸಿಲಿಂಡರನ್ನು ಗುರುತಿಸಿ ಹೊರಗೆಳೆಯುತ್ತದೆ. ಈ ಇಡೀ ನಾಟಕದಲ್ಲಿ ‘ತಪ್ಪು’ ಎಂಬ ಮಾತನ್ನು ಯಾರೂ ಆಡಲಿಲ್ಲ. ತಪ್ಪು ಕಂಡುಹಿಡಿದದ್ದೂ ಮಗು, ಸರಿಪಡಿಸಿದ್ದೂ ಮಗು.

ನೀವು ಕೇಳಿದ ಅಳುವಿಗೂ ಈ ದಿಮ್ಮಿಗೂ ನೇರ ಸಂಬಂಧವಿದೆ. ಕಷ್ಟ ಬಂದಾಗ ಕುಸಿಯದ ಗಟ್ಟಿತನ ಮಗುವಿಗೆ ಬರಬೇಕೆಂದು ಎಲ್ಲರೂ ಬಯಸುತ್ತೇವೆ. ಅದಕ್ಕಾಗಿ ಮಗುವನ್ನು ಕಷ್ಟಕ್ಕೆ ದೂಡಬೇಕು, ಅತ್ತರೆ ಗಮನಿಸಬಾರದು ಎಂದು ಕೆಲವರು ನಂಬುತ್ತಾರೆ. ನಾನು ಇದನ್ನು ಖಂಡಿತವಾಗಿ ಒಪ್ಪುವುದಿಲ್ಲ. ಮಗು ಗಟ್ಟಿಯಾಗುವುದು ತನ್ನ ಕೈಯಲ್ಲೇ ಸರಿಪಡಿಸಲಾಗುವಂಥ ತಪ್ಪುಗಳನ್ನು ದಿನವೂ ಮಾಡಿ, ದಿನವೂ ಸರಿಪಡಿಸಿಕೊಂಡಾಗ. ತಾನು ಸರಿಪಡಿಸಲಾರದ ಕಷ್ಟದಲ್ಲಿ ಒಂಟಿಯಾಗಿ ಬಿಟ್ಟರೆ ಅದು ಕಲಿಯುವುದು ಅಸಹಾಯಕತೆಯನ್ನು. ಪ್ರತಿ ತಪ್ಪನ್ನೂ ಇನ್ನೊಬ್ಬರು ತಿದ್ದಿಕೊಟ್ಟರೆ ಕಲಿಯುವುದೂ ಅದನ್ನೇ.

ಮನೆಯಲ್ಲಿ ಏನು ಮಾಡಬಹುದು ಎಂಬುದಕ್ಕೆ ಬರೋಣ. ಮನೆಯನ್ನು ಶಾಲೆ ಮಾಡಬೇಡಿ, ಸಲಕರಣೆಗಳನ್ನು ಕೊಳ್ಳಬೇಡಿ. ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಶೂ ಎಂದೇ ಇಟ್ಟುಕೊಳ್ಳಿ. ಬಾಗಿಲ ಬಳಿ ಮಗನ ಮೊಣಕಾಲೆತ್ತರದ ಸ್ಟೂಲು ಇಡಿ, ಶೂ ಇಡುವ ಜಾಗ ಅದರ ಪಕ್ಕದಲ್ಲೇ ಇರಲಿ. ಒಂದು ಸ್ಟಿಕರನ್ನು ನಡುವೆ ಕತ್ತರಿಸಿ, ಎರಡು ಅರ್ಧಗಳನ್ನು ಎರಡೂ ಶೂಗಳ ಒಳಬದಿಯ ಅಂಚಿಗೆ ಅಂಟಿಸಿ. ಚಿತ್ರ ಕೂಡಿಕೊಂಡರೆ ಎಡ-ಬಲ ಸರಿಯಾಗಿದೆ ಎಂದು ಅವನಿಗೇ ತಿಳಿಯುತ್ತದೆ, ನೀವು ‘ಅಯ್ಯೋ, ಉಲ್ಟಾ’ ಎನ್ನುವ ಪ್ರಮೇಯ ಬರುವುದಿಲ್ಲ. ಅಭ್ಯಾಸವನ್ನು ಮಾತ್ರ ಬೆಳಗಿನ ಹೊತ್ತು ಶುರು ಮಾಡಬೇಡಿ. ಎಲ್ಲಿಗೂ ಹೋಗುವ ಅವಸರವಿಲ್ಲದ ಸಂಜೆ, ರಜಾ ದಿನದ ಮಧ್ಯಾಹ್ನ ಅದಕ್ಕೆ ಸರಿಯಾದ ಸಮಯ.

ಕೋಟಿಗೂ ಮಾಂಟೆಸ್ಸೊರಿ ತರಗತಿಗಳಲ್ಲಿ ಒಂದು ಉಪಾಯವಿದೆ. ಕೋಟನ್ನು ಒಳಮೈ ಮೇಲೆ ಕಾಣುವ ಹಾಗೆ ನೆಲದ ಮೇಲೆ ಹರಡಿ, ಕಾಲರು ಮಗುವಿನ ಕಾಲ್ಬೆರಳುಗಳ ಕಡೆಗಿರಬೇಕು. ಮಗು ಬಗ್ಗಿ ಎರಡೂ ಕೈಗಳನ್ನು ತೋಳುಗಳಿಗೆ ತೂರಿಸಿ, ಕೈಗಳನ್ನು ಎತ್ತಿ ಕೋಟನ್ನು ತಲೆಯ ಮೇಲಿನಿಂದ ಹಿಂದಕ್ಕೆ ಹಾಕಿಕೊಳ್ಳುತ್ತದೆ. ಕೋಟು ಬೆನ್ನ ಮೇಲೆ ಸರಿಯಾಗಿ ಬಂದು ಕೂರುತ್ತದೆ. ಮೂರು ವರ್ಷದ ಮಕ್ಕಳೂ ಇದನ್ನು ಬೇಗ ಕಲಿತು, ಮತ್ತೆ ಬಿಚ್ಚಿ ಮತ್ತೆ ಹಾಕಿಕೊಳ್ಳುವುದನ್ನು ನೋಡುವುದು ನನಗೆ ಯಾವತ್ತೂ ಬೇಸರ ತರಿಸಿಲ್ಲ.

ಕೆಲಸವನ್ನು ಒಮ್ಮೆ ಮಾತಿಲ್ಲದೆ ತೋರಿಸಿ. ಗುಂಡಿಯನ್ನು ನಾವು ಹೇಗೆ ಹಾಕುತ್ತೇವೆ ಎಂದು ನಮಗೇ ಗೊತ್ತಿರುವುದಿಲ್ಲ, ಒಮ್ಮೆ ನಿಧಾನವಾಗಿ ಮಾಡಿ ನೋಡಿಕೊಳ್ಳಿ. ಗುಂಡಿಯ ಅಂಚನ್ನು ಹಿಡಿದು ಕಾಜಾಕ್ಕೆ ಓರೆಯಾಗಿ ತೂರಿಸುತ್ತೇವೆ, ಆಚೆ ಬದಿಯಲ್ಲಿ ಅಂಚು ಕಂಡಾಗ ಕೈ ಬದಲಾಯಿಸಿ ಎಳೆಯುತ್ತೇವೆ. ಮಗು ಸೋಲುವುದು ಸಾಮಾನ್ಯವಾಗಿ ಈ ಕೈ ಬದಲಾಯಿಸುವ ಜಾಗದಲ್ಲಿ. ಆದ್ದರಿಂದ ಮೊದಲ ದಿನಗಳಲ್ಲಿ ಗುಂಡಿಯನ್ನು ಅರ್ಧ ತೂರಿಸಿಕೊಟ್ಟು, ಎಳೆಯುವುದನ್ನು ಮಾತ್ರ ಅವನಿಗೆ ಬಿಡಿ. ಕೆಲಸ ಮುಗಿಸಿದ ಸುಖ ಅವನದಾಗಲಿ. ಅದು ಕೈಗೆ ಹತ್ತಿದ ಮೇಲೆ ಹಿಂದಿನ ಹಂತವನ್ನೂ ಅವನಿಗೇ ವಹಿಸಿ.

ತೋರಿಸುವುದಕ್ಕೂ ಗದರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದಕ್ಕೆ ಮಾಂಟೆಸ್ಸೊರಿ ಅವರೇ ಬರೆದಿಟ್ಟ ಇನ್ನೊಂದು ಪ್ರಸಂಗವಿದೆ. ಒಮ್ಮೆ ಅವರು ಸದ್ದಾಗದಂತೆ, ನಾಜೂಕಾಗಿ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುವುದು ಹೇಗೆ ಎಂದು ಮಕ್ಕಳಿಗೆ ಮಾಡಿ ತೋರಿಸಿದರು. ಮಕ್ಕಳು ತದೇಕಚಿತ್ತದಿಂದ ನೋಡಿದರು, ಮುಗಿದ ಕೂಡಲೇ ಚಪ್ಪಾಳೆ ತಟ್ಟಿಬಿಟ್ಟರು. ಮೂಗು ಸುರಿಯುತ್ತಿದೆ ಎಂದು ಆ ಮಕ್ಕಳನ್ನು ಬೈದವರು ಅನೇಕರು, ಒರೆಸಿಕೊಳ್ಳುವುದನ್ನು ಯಾರೂ ಗೌರವದಿಂದ ಕಲಿಸಿರಲಿಲ್ಲ.

ಅಳು ಬಂದಾಗ ಏನು ಮಾಡಬೇಕು? ಪಕ್ಕದಲ್ಲಿ ಕುಳಿತುಕೊಳ್ಳಿ. ‘ಇಷ್ಟು ಸುಲಭ, ಇದೂ ಬರುವುದಿಲ್ಲವೇ’ ಎಂದು ಮಾತ್ರ ಹೇಳಬೇಡಿ. ಸುಲಭವಾದದ್ದು ಬರದಿದ್ದರೆ ಅವಮಾನ, ಬಂದರೂ ಅದರಲ್ಲಿ ಹೆಚ್ಚುಗಾರಿಕೆ ಏನೂ ಉಳಿಯುವುದಿಲ್ಲ. ‘ಈ ಗುಂಡಿ ಬಿಗಿಯಾಗಿದೆ, ಕಷ್ಟ’ ಎಂದು ಇದ್ದುದನ್ನು ಇದ್ದ ಹಾಗೆ ಹೇಳಿ. ಸ್ವಲ್ಪ ಕಾದು, ‘ಎಲ್ಲಿ ಸಿಕ್ಕಿಕೊಂಡಿದೆ ತೋರಿಸು’ ಎಂದು ಕೇಳಿ. ಸಿಕ್ಕಿಕೊಂಡ ಜಾಗಕ್ಕೆ ಬೆರಳಿಟ್ಟು ತೋರಿಸುವಷ್ಟರಲ್ಲಿ ಅಳು ಸಾಮಾನ್ಯವಾಗಿ ಅರ್ಧ ಇಳಿದಿರುತ್ತದೆ. ಇಳಿಯದಿದ್ದರೆ ಆ ದಿನಕ್ಕೆ ಬಿಟ್ಟುಬಿಡಿ. ದಣಿದ, ಹಸಿದ ಮಗುವಿಗೆ ಏನನ್ನೂ ಕಲಿಸಲಾಗುವುದಿಲ್ಲ.

ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಮಗು ‘ನೀನೇ ಹಾಕು’ ಎಂದಾಗಲೆಲ್ಲ ‘ನಿನಗೆ ಬರುತ್ತದಲ್ಲ, ನೀನೇ ಹಾಕಿಕೋ’ ಎಂದು ಕೈ ಕಟ್ಟಿ ನಿಲ್ಲುವುದು ಮಾಂಟೆಸ್ಸೊರಿ ಅಲ್ಲ. ಇಡೀ ಬೆಳಿಗ್ಗೆ ತನ್ನ ಕೆಲಸ ತಾನು ಮಾಡಿಕೊಂಡು, ಸರದಿ ಕಾದು, ಕುರ್ಚಿಯನ್ನು ಸದ್ದಿಲ್ಲದೆ ಎತ್ತಿಟ್ಟು ಬಂದ ಮಗುವಿಗೆ ಅಮ್ಮನ ಮುಂದೆ ಕಾಲು ಚಾಚಿ ಕೂರಬೇಕು ಎನಿಸುವುದು ಸಹಜ. ಅದು ಕೇಳುತ್ತಿರುವುದು ಶೂ ಹಾಕಿಸಿಕೊಳ್ಳುವುದನ್ನಲ್ಲ, ನಿಮ್ಮನ್ನು. ‘ಇವತ್ತು ನಾನು ಹಾಕುತ್ತೇನೆ ಬಾ’ ಎಂದು ಸಂತೋಷದಿಂದ ಹಾಕಿ. ಕೇಳಿದ ಮೇಲೆ ಪ್ರೀತಿಯಿಂದ ಕೊಟ್ಟ ಸಹಾಯ ಯಾವ ಮಗುವನ್ನೂ ಕೆಡಿಸಿಲ್ಲ. ಹಾನಿ ಮಾಡುವುದು ಕೇಳದಿದ್ದರೂ ಅವಸರಕ್ಕೆ ಕೊಟ್ಟ ಸಹಾಯ: ಅವನು ಪಟ್ಟಿ ಬಿಚ್ಚುತ್ತಿರುವಾಗಲೇ ಕೈಯಿಂದ ಶೂ ಕಿತ್ತುಕೊಂಡು ಹಾಕಿಬಿಡುವುದು. ಮುಗಿಸಲು ನಿಜವಾಗಿಯೂ ಸಮಯವಿಲ್ಲದಿದ್ದರೆ ಮೊದಲೇ ಹೇಳಿ, ‘ಈಗ ಹೊತ್ತಾಗಿದೆ, ಒಂದು ನೀನು, ಒಂದು ನಾನು.’

ವಯಸ್ಸಿನ ವಿಷಯವನ್ನೂ ಯೋಚಿಸಿ. ಮಾಂಟೆಸ್ಸೊರಿ ತರಗತಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗಿರುತ್ತಾರೆ. ನಾಲ್ಕರ ನಿಮ್ಮ ಮಗ ಅಲ್ಲಿ ನಡುವಿನವನು. ದೊಡ್ಡವರನ್ನು ನೋಡಿ ಕಲಿಯುತ್ತಾನೆ, ಸಣ್ಣವರಿಗೆ ತಾನೇ ಗುಂಡಿ ಹಾಕಿಕೊಡುತ್ತಾನೆ. ಮನೆಯಲ್ಲಿ ಎಲ್ಲರೂ ಅವನಿಗಿಂತ ಚುರುಕು, ಎಲ್ಲರೂ ಅವನಿಗೆ ಸಹಾಯ ಮಾಡುವವರೇ. ಅವನು ಮಾಡಿದರೆ ಮನೆಗೆ ಉಪಯೋಗವಾಗುವ ಒಂದು ನಿಜವಾದ ಕೆಲಸ ಕೊಡಿ: ಗಿಡಗಳಿಗೆ ನೀರು ಹಾಕುವುದು, ಒಗೆದ ಕಾಲುಚೀಲಗಳನ್ನು ಜೋಡಿ ಮಾಡುವುದು. ಅವನು ಮಾಡಿದ ಮೇಲೆ ಅವನೆದುರೇ ಅದನ್ನು ಮತ್ತೆ ಸರಿಪಡಿಸಬೇಡಿ. ಬಹುಮಾನ, ನಕ್ಷತ್ರದ ಪಟ್ಟಿ ಯಾವುದೂ ಬೇಡ. ‘ಎಲ್ಲಾ ಜೋಡಿಯೂ ಸಿಕ್ಕಿತು’ ಎಂದರೆ ಸಾಕು.

ಕೊನೆಯದಾಗಿ, ಶಿಕ್ಷಕಿಯನ್ನು ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ: ಇವನು ಶೂ ಹಾಕಿಕೊಳ್ಳುವಾಗ ಯಾವ ಹಂತವನ್ನು ತಾನೇ ಮಾಡುತ್ತಾನೆ, ಎಲ್ಲಿ ಸಹಾಯ ಕೇಳುತ್ತಾನೆ? ನಾಲ್ಕು ವರ್ಷಕ್ಕೆ ಅನೇಕ ಮಕ್ಕಳು ದೊಡ್ಡ ಗುಂಡಿಗಳನ್ನು ಹಾಕಬಲ್ಲರು, ಶೂ ಲೇಸು ಕಟ್ಟುವುದು ಸಾಮಾನ್ಯವಾಗಿ ಐದಾರು ವರ್ಷದ ಮಾತು. ಶಾಲೆಯಲ್ಲೂ ಅವನ ಕೈಗಳು ತೀರಾ ಸೋಲುತ್ತಿದ್ದರೆ, ಚಮಚ, ಪೆನ್ಸಿಲು ಹಿಡಿಯಲೂ ಕಷ್ಟವಾಗುತ್ತಿದ್ದರೆ, ಮೊದಲು ಮಾಡುತ್ತಿದ್ದುದನ್ನು ಈಗ ಮಾಡಲಾರದೆ ಹೋಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ಸಲೀಸಾಗಿ ಮಾಡುತ್ತಾನೆ ಎಂದಾದರೆ ಅಂಥ ಆತಂಕ ಬೇಡ, ಆ ಸ್ಟೂಲಿನಿಂದ ಶುರು ಮಾಡಿ.