ಎಕ್ಸ್‌ಟೆಂಡ್ಸ್ ಅಂತ ಬರೆಯುವ ಮುಂಚೆ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಂದ ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರನ್ನು ಇಂಟರ್‌ವ್ಯೂ ಮಾಡುವಾಗ, ಇನ್‌ಹೆರಿಟೆನ್ಸ್‌ಗೂ ಸಬ್‌ಟೈಪಿಂಗ್‌ಗೂ ಏನು ವ್ಯತ್ಯಾಸ ಅಂತ ನಾನು ಕೇಳುತ್ತೇನೆ. "ಎರಡೂ ಒಂದ ಅಲ್ಲೇನ್ರೀ ಸರ್?" ಅನ್ನುವ ಉತ್ತರವೇ ಜಾಸ್ತಿ. ಅದು ಅವರ ತಪ್ಪಲ್ಲ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಒಂದು ಕ್ಲಾಸಿನಿಂದ ಇನ್ನೊಂದನ್ನು ಮಾಡುವಾಗ ಎಕ್ಸ್‌ಟೆಂಡ್ಸ್ ಅಂತ ಬರೆದರೆ ಸಾಕು, ಎರಡೂ ಒಟ್ಟಿಗೆ ಆಗಿಬಿಡುತ್ತವೆ.

ಕ್ಲಾಸು ಅಂದರೆ ಡೇಟಾ ಮತ್ತು ಅದರ ಮೇಲೆ ಕೆಲಸ ಮಾಡುವ ಫಂಕ್ಷನ್‌ಗಳ ಒಂದು ಕಟ್ಟು. ಇನ್‌ಹೆರಿಟೆನ್ಸ್ ಅಂದರೆ ಹಳೆಯ ಕ್ಲಾಸಿನ ಕೋಡನ್ನು ಹೊಸ ಕ್ಲಾಸು ಬಳಸಿಕೊಳ್ಳುವುದು. ಅದು ಕೋಡ್ ಬರೆಯುವವರ ಅನುಕೂಲ. ಸಬ್‌ಟೈಪಿಂಗ್ ಹಾಗಲ್ಲ, ಅದು ಕೋಡ್ ಬಳಸುವವರಿಗೆ ಕೊಟ್ಟ ಮಾತು: ಹಳೆಯದು ಬೇಕು ಅಂದ ಕಡೆ ಹೊಸದನ್ನು ಕೊಟ್ಟರೂ ಏನೂ ಕೆಡುವುದಿಲ್ಲ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ 1967ರ ಸಿಮುಲಾ ಭಾಷೆಯಲ್ಲಿ ಕ್ಲಾಸು, ಸಬ್‌ಕ್ಲಾಸುಗಳನ್ನು ತಂದಾಗಿನಿಂದ ಇವು ಜೋಡಿಯಾಗಿಯೇ ಬಂದಿವೆ. 1990ರಲ್ಲಿ ವಿಲಿಯಂ ಕುಕ್ ಮತ್ತು ಸಂಗಡಿಗರು ತಮ್ಮ ಪ್ರಬಂಧದ ತಲೆಬರಹದಲ್ಲೇ ಹೇಳಿಬಿಟ್ಟರು, ಇನ್‌ಹೆರಿಟೆನ್ಸ್ ಸಬ್‌ಟೈಪಿಂಗ್ ಅಲ್ಲ ಅಂತ.

ಬ್ಯಾಡಗಿ ಮಾರುಕಟ್ಟೆಗೆ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೆಣಸಿನಕಾಯಿ ಒಂದು ಟೈಪು, ಅಂದರೆ ಡೇಟಾದ ಒಂದು ಬಗೆ. ಡಬ್ಬಿ, ಕಡ್ಡಿ ತಳಿಗಳು ಅದರ ಸಬ್‌ಟೈಪುಗಳು. ಇಲ್ಲಿ ತಕರಾರಿಲ್ಲ. ಈಗ ಹೇಳಿ, ಡಬ್ಬಿ ಲಾಟು ಮೆಣಸಿನಕಾಯಿ ಲಾಟಿನ ಸಬ್‌ಟೈಪಾ? ಹೌದು ಅನ್ನಿಸುತ್ತೆ, ಅಲ್ವಾ? ಲಾಟಿನಿಂದ ಕಾಯಿ ತೆಗೆದು ತೂಗಿ ಬರೆದುಕೊಳ್ಳುವ ಫಂಕ್ಷನ್‌ಗೆ ಅದು ಸರಿ, ಯಾಕೆಂದರೆ ಡಬ್ಬಿಯೂ ಮೆಣಸಿನಕಾಯಿಯೇ. ಆದರೆ ಲಾಟಿಗೆ ಕಾಯಿ ಸುರಿಯುವ ಫಂಕ್ಷನ್ ಇದ್ದರೆ? ಇದು ಮೆಣಸಿನಕಾಯಿ ಲಾಟು ಅಂತ ಹೇಳಿ ನೀವು ಡಬ್ಬಿ ಲಾಟು ಕೊಟ್ಟಿರಿ, ಆ ಫಂಕ್ಷನ್ ನಿಮ್ಮ ಮಾತು ನಂಬಿ ಕಡ್ಡಿ ಸುರಿಯಿತು. ಲಾಟು ಕೆಟ್ಟಿತು. ಬರೀ ತೆಗೆಯುವುದಿದ್ದರೆ ಡಬ್ಬಿ ಲಾಟನ್ನು ಮೆಣಸಿನಕಾಯಿ ಲಾಟು ಅನ್ನಬಹುದು, ಇದು ಕೋವೇರಿಯನ್ಸ್. ಬರೀ ಹಾಕುವುದಿದ್ದರೆ ದಿಕ್ಕು ತಿರುಗುತ್ತೆ: ಯಾವ ಕಾಯಿ ಹಾಕಿದರೂ ನಡೆಯುವ ಲಾಟನ್ನು, ಡಬ್ಬಿ ಹಾಕಬೇಕಾದವರಿಗೆ ಧಾರಾಳವಾಗಿ ಕೊಡಬಹುದು. ಇದು ಕಾಂಟ್ರಾವೇರಿಯನ್ಸ್. ಎರಡೂ ಇದ್ದರೆ ಈ ಎರಡು ಲಾಟುಗಳ ನಡುವೆ ಯಾವ ಸಂಬಂಧವೂ ಉಳಿಯುವುದಿಲ್ಲ.

ಇದನ್ನು ಸುಮ್ನೆ ಪುಸ್ತಕದ ಮಾತು ಅಂದುಕೊಳ್ಳಬೇಡಿ. ಜಾವಾದ ಅರೇಗಳಲ್ಲಿ, ಅಂದರೆ ಒಂದೇ ಬಗೆಯವುಗಳ ಸಾಲುಗಳಲ್ಲಿ, ಇದೇ ತೂತು ಇದೆ. ಸ್ಟ್ರಿಂಗ್ (ಅಕ್ಷರಗಳ) ಅರೇಯನ್ನು ಆಬ್ಜೆಕ್ಟ್ (ಎಲ್ಲ ಕ್ಲಾಸುಗಳ ಮೂಲ) ಅರೇ ಅಂತ ಕರೆದು ಅದರೊಳಗೆ ಇಂಟಿಜರ್ (ಪೂರ್ಣಸಂಖ್ಯೆ) ಹಾಕಿ ನೋಡಿ. ಕೋಡನ್ನು ಓಡಿಸುವ ಮುಂಚೆ ಪರೀಕ್ಷಿಸುವ ಕಂಪೈಲರ್ ತೆಪ್ಪಗೆ ಬಿಡುತ್ತೆ, ಪ್ರೋಗ್ರಾಮ್ ಓಡುವಾಗ ಅರೇಸ್ಟೋರ್‌ಎಕ್ಸೆಪ್ಶನ್ ಅನ್ನುವ ದೋಷ ಬಂದು ನಿಲ್ಲುತ್ತೆ. ಹೀಗೆ ಮಾಡಿದ್ದಕ್ಕೆ ಕಾರಣವೂ ಇತ್ತು. ಒಂದೇ ಕೋಡನ್ನು ಬೇರೆ ಬೇರೆ ಟೈಪುಗಳಿಗೆ ಬಳಸಲು ಬಿಡುವ ಜೆನೆರಿಕ್ಸ್ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಅದಕ್ಕೂ ಮುಂಚೆ ಎಲ್ಲ ಬಗೆಯ ಆಬ್ಜೆಕ್ಟುಗಳ ಅರೇಗೂ ಒಂದೇ ಸಾರ್ಟ್ ಫಂಕ್ಷನ್ ಬರೆಯಬೇಕಾದರೆ ಬೇರೆ ಸುಲಭದ ದಾರಿ ಇರಲಿಲ್ಲ. ಜೆನೆರಿಕ್ ಲಿಸ್ಟುಗಳಲ್ಲಿ ಇದನ್ನು ಸರಿ ಮಾಡಿದ್ದಾರೆ. ಪ್ರಶ್ನೆ ಚಿಹ್ನೆ ಹಾಕಿ ಎಕ್ಸ್‌ಟೆಂಡ್ಸ್ ಅಂದರೆ ತೆಗೆಯುವುದಕ್ಕೆ, ಸೂಪರ್ ಅಂದರೆ ಹಾಕುವುದಕ್ಕೆ. ಲಾಟಿನ ಮಾತು ಅರ್ಥವಾದವರು ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಟೈಪು ಸರಿಹೊಂದಿದರೆ ಮುಗಿಯಿತಾ? ಇಲ್ಲ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ, ಆಮೇಲೆ 1994ರಲ್ಲಿ ಜೀನೆಟ್ ವಿಂಗ್ ಜೊತೆ ಬರೆದ ಪ್ರಬಂಧದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಮೆಥಡ್‌ಗಳ (ಕ್ಲಾಸಿನೊಳಗಿನ ಫಂಕ್ಷನ್‌ಗಳ) ಹೆಸರು, ಟೈಪು ಹೊಂದಿದರೆ ಸಾಲದು, ನಡವಳಿಕೆಯೂ ಹೊಂದಬೇಕು. ಕಂಪೈಲರ್ ಅದನ್ನು ನೋಡುವುದಿಲ್ಲ, ನಾವೇ ನೋಡಬೇಕು.

ಜಾವಾದ ಸ್ಟ್ಯಾಕ್ ಕ್ಲಾಸನ್ನೇ ನೋಡಿ, ಅದು ವೆಕ್ಟರ್ ಅನ್ನುವ, ಎಲ್ಲಿ ಬೇಕಾದರೂ ಹಾಕಿ ತೆಗೆಯಬಹುದಾದ ಪಟ್ಟಿಯ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿದೆ. ಕೋಡ್ ಬರೆಯುವ ಕೆಲಸ ಉಳಿಯಿತು, ನಿಜ. ಆದರೆ ವೆಕ್ಟರಿನ ಎಲ್ಲ ಮೆಥಡ್‌ಗಳೂ ಜೊತೆಗೆ ಬಂದವು. ಮೇಲಿನಿಂದ ಮಾತ್ರ ಇಡಬೇಕಾದ, ತೆಗೆಯಬೇಕಾದ ಸ್ಟ್ಯಾಕಿನ ನಡುವೆ ಯಾರು ಬೇಕಾದರೂ ಏನು ಬೇಕಾದರೂ ತುರುಕಬಹುದು. ಬೇಕಾಗಿದ್ದದ್ದು ವೆಕ್ಟರಿನ ಕೋಡ್ ಮಾತ್ರ; "ನಾನೂ ಒಂದು ವೆಕ್ಟರ್" ಅನ್ನುವ ಮಾತನ್ನು ಸ್ಟ್ಯಾಕ್ ಕೊಡುವ ಅಗತ್ಯ ಇರಲಿಲ್ಲ. ಹೀಗಿರುವಾಗ ವೆಕ್ಟರನ್ನು ಹೊರಗಿನವರಿಗೆ ಕಾಣದ ಪ್ರೈವೇಟ್ ಫೀಲ್ಡಾಗಿ ಒಳಗಿಟ್ಟು, ಪುಶ್ (ಮೇಲೆ ಇಡುವುದು) ಮತ್ತು ಪಾಪ್ (ಮೇಲಿನದನ್ನು ತೆಗೆಯುವುದು) ಮಾತ್ರ ಹೊರಗೆ ಬಿಡಿ. ಸಿ ಪ್ಲಸ್ ಪ್ಲಸ್ ಲೈಬ್ರರಿಯ ಸ್ಟ್ಯಾಕ್ ಇರುವುದೇ ಹೀಗೆ: ಒಳಗೊಂದು ಡೆಕ್ ಅನ್ನುವ ಪಟ್ಟಿ ಇದೆ, ಬಳಸುವವರ ಕೈಗೆ ಅದು ಸಿಗುವುದಿಲ್ಲ.