ಸೀಡಾ: ಸಾಮಿ ಜನರ ‘ಊರು’ ಅಂದ್ರೆ ಏನು?

ಫಿನ್‌ಲ್ಯಾಂಡಿನ ಉತ್ತರದಲ್ಲಿ ‘ಸಾಮಿ ಸಂಸ್ಕೃತಿ ಮತ್ತು ಉತ್ತರದ ಕಾಡು’ ಅನ್ನೋ ಥರದ ಒಂದು ದಿನದ ಗೈಡೆಡ್ ಟೂರ್ ಸಾಕಷ್ಟು ಸಿಗುತ್ತವೆ. ಇವಾಲೋ ಅಥವಾ ಸಾರಿಸೆಲ್ಕಾದಲ್ಲಿ ಬೆಳಿಗ್ಗೆ ವ್ಯಾನ್ ಹತ್ತಿದರೆ ಒಂದು ಗಂಟೆಯೊಳಗೆ ಇನಾರಿ ಅನ್ನೋ ಹಳ್ಳಿ. ಅಲ್ಲಿ ಸಾಮಾನ್ಯವಾಗಿ ಕರೆದುಕೊಂಡು ಹೋಗುವುದು ಸಾಮಿ ಮ್ಯೂಸಿಯಂಗೆ. ಅದರ ಹೆಸರು ಸೀಡಾ. 1998ರಲ್ಲಿ ತೆರೆದ ಕಟ್ಟಡ, 2022ರಲ್ಲಿ ಪ್ರದರ್ಶನವನ್ನು ಪೂರ್ತಿ ಹೊಸದು ಮಾಡಿದರು, 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿಯೂ ಬಂತು. ಹಾಗಾಗಿ ಬಂದವರು ಸೀಡಾ ಅಂದ್ರೆ ಮ್ಯೂಸಿಯಂ ಅಂತಲೇ ತಿಳಿದುಕೊಂಡು ವಾಪಸ್ ಹೋಗುತ್ತಾರೆ. ಆದರೆ ಇದು ಮ್ಯೂಸಿಯಂಗಿಂತ, ಫಿನ್‌ಲ್ಯಾಂಡ್ ಅನ್ನೋ ದೇಶಕ್ಕಿಂತಲೂ ಬಹಳ ಹಳೆಯ ಪದ. (ನಮ್ಮ ‘ಸೀದಾ ಹೋಗಿ ಬಲಕ್ಕೆ ತಿರುಗಿ’ ಅನ್ನೋ ಸೀದಾಗೂ ಇದಕ್ಕೂ ಏನೂ ಸಂಬಂಧ ಇಲ್ಲ.)

ಸಾಮಿಗಳು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯದ್ವೀಪದ ಮೂಲನಿವಾಸಿಗಳು. ‘ಲ್ಯಾಪ್’ ಅಂತ ಹೊರಗಿನವರು ಕರೆಯುತ್ತಿದ್ದರು, ಈಗ ಅದು ಬೈಗುಳದ ಲೆಕ್ಕ, ಬಳಸಬೇಡಿ. ಸೀಡಾ ಅನ್ನೋದು ಉತ್ತರ ಸಾಮಿ ಭಾಷೆಯ ಪದ. ಸ್ಕೋಲ್ಟ್ ಸಾಮಿಯಲ್ಲಿ ‘ಸಿಯ್ದ್’, ದಕ್ಷಿಣ ಸಾಮಿಯಲ್ಲಿ ‘ಸಿಯ್ತೆ’. ಕೆಲವು ಕುಟುಂಬಗಳು, ಅವರ ಹಿಮಸಾರಂಗಗಳು, ಅವರು ಬೇಟೆಯಾಡುವ ಕಾಡು, ಮೀನು ಹಿಡಿಯುವ ಕೆರೆ, ಮೇಯಿಸುವ ಬೆಟ್ಟ, ಇದನ್ನೆಲ್ಲ ಹೇಗೆ ಹಂಚಿಕೊಳ್ಳಬೇಕು ಅನ್ನೋ ಕಟ್ಟುಪಾಡು, ಇಷ್ಟೂ ಸೇರಿದರೆ ಒಂದು ಸೀಡಾ. ಊರು ಅಂತ ಅನ್ನಬಹುದು, ಆದರೆ ಒಂದೇ ಕಡೆ ಮನೆ ಕಟ್ಟಿಕೊಂಡು ಕೂತ ಊರಲ್ಲ. ಋತು ಬದಲಾದರೆ ಜಾಗವೂ ಬದಲಾಗುತ್ತದೆ, ಎಷ್ಟೋ ಸಲ ಜೊತೆಗಿರುವ ಜನವೂ ಬದಲಾಗುತ್ತಾರೆ.

ಇದು ಹೇಗೆ ನಡೆಯುತ್ತಿತ್ತು ಅಂತ ತಿಳಿಯಲು ಸಾಮಿಗಳಲ್ಲೇ ಒಂದು ಪಂಗಡವಾದ ಸ್ಕೋಲ್ಟ್ ಸಾಮಿಗಳ ಸುಯೆನ್ಯೆಲ್ ಸೀಡಾ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದವರೆಗೂ ಇದು ಹಳೆಯ ರೀತಿಯಲ್ಲೇ ನಡೆದುಕೊಂಡು ಬಂದಿತ್ತು. ಚಳಿಗಾಲದ ಕೆಟ್ಟ ತಿಂಗಳುಗಳಲ್ಲಿ ಎಲ್ಲ ಕುಟುಂಬಗಳೂ ಒಂದು ಚಳಿಗಾಲದ ಹಳ್ಳಿಯಲ್ಲಿ ಒಟ್ಟಿಗೆ ಇರುತ್ತಿದ್ದವು. ಮದುವೆ, ವ್ಯಾಪಾರ, ಜಗಳ, ರಾಜಿ ಎಲ್ಲ ಅಲ್ಲೇ. ವಸಂತ ಬಂದ ಕೂಡಲೇ ಊರು ಖಾಲಿ. ಒಂದೊಂದು ಕುಟುಂಬವೂ ತನ್ನ ತನ್ನ ಪ್ರದೇಶಕ್ಕೆ ಹೊರಟು, ವಸಂತಕ್ಕೆ ಒಂದು ಬಿಡಾರ, ಬೇಸಿಗೆಗೆ ಒಂದು, ಶರತ್ಕಾಲಕ್ಕೆ ಇನ್ನೊಂದು ಅಂತ ಇದ್ದು, ಮತ್ತೆ ಚಳಿಗಾಲಕ್ಕೆ ಬಂದು ಸೇರುತ್ತಿತ್ತು. ಯಾವ ಕೆರೆ ಯಾರಿಗೆ ಅನ್ನೋದನ್ನು ‘ಸೊಬ್ಬರ್’ ಅನ್ನೋ ಊರ ಸಭೆ ತೀರ್ಮಾನಿಸುತ್ತಿತ್ತು. ಒಂದು ಮನೆಯಲ್ಲಿ ಜನ ಹೆಚ್ಚಾದರೆ ಅವರಿಗೆ ಜಾಸ್ತಿ ಮೀನಿನ ನೀರು ಬೇಕು, ಅಲ್ವಾ? ಸಭೆ ಅದನ್ನು ನೋಡಿ ಮರುಹಂಚಿಕೆ ಮಾಡುತ್ತಿತ್ತು.

ಇದೆಲ್ಲ ಬಾಯಿ ಮಾತಲ್ಲ. ರಷ್ಯಾದ ಝಾರ್‌ಗಳ ಕಾಲದಲ್ಲಿ ಸುಯೆನ್ಯೆಲ್‌ನವರಿಗೆ ಅವರ ನೀರು ನೆಲದ ಹಕ್ಕಿನ ಬಗ್ಗೆ ಕೊಟ್ಟ ಕಾಗದಪತ್ರ ಇವೆ, 1601ರಿಂದ ಶುರು. ಓದು ಬರಹ ಬಾರದ ಜನರೇ ಹೆಚ್ಚಾಗಿದ್ದ ಊರು ಅವನ್ನು ಮರದ ಪೆಟ್ಟಿಗೆಯಲ್ಲಿಟ್ಟು ತಲೆಮಾರುಗಟ್ಟಲೆ ಕಾಪಾಡಿತು. 2015ರಲ್ಲಿ ಯುನೆಸ್ಕೋ ಆ ದಾಖಲೆಗಳನ್ನು ತನ್ನ ‘ವಿಶ್ವದ ಸ್ಮರಣೆ’ ಪಟ್ಟಿಗೆ ಸೇರಿಸಿತು. ಈ ಹೊತ್ತಿಗೆ ಆ ನೆಲವೇ ಅವರ ಕೈಯಲ್ಲಿರಲಿಲ್ಲ ಅನ್ನೋದು ಬೇರೆ ಮಾತು. ಸುಯೆನ್ಯೆಲ್ ಇದ್ದ, ಅಲ್ಲಿಯವರೆಗೆ ಫಿನ್‌ಲ್ಯಾಂಡಿನದ್ದಾಗಿದ್ದ ಪೆಟ್ಸಾಮೊ ಪ್ರದೇಶ 1944ರಲ್ಲಿ ಸೋವಿಯತ್ ಒಕ್ಕೂಟದ ಪಾಲಾಯಿತು, ಸುಯೆನ್ಯೆಲ್ ಗಡಿಯ ಆಚೆ ಉಳಿಯಿತು. ಜನ ಈಚೆ ಬಂದರು, 1949ರಲ್ಲಿ ಇನಾರಿ ಸರೋವರದ ಉತ್ತರಕ್ಕಿರುವ ಸೆವೆಟ್ಟಿಯಾರ್ವಿಯಲ್ಲಿ ನೆಲೆ ನಿಂತರು. ಸ್ಕೋಲ್ಟ್‌ಗಳ ಊರ ಸಭೆ ಇಂದಿಗೂ ಇದೆ, ಫಿನ್‌ಲ್ಯಾಂಡಿನ ಕಾನೂನಿನಲ್ಲಿ ಅದಕ್ಕೆ ಜಾಗವೂ ಇದೆ.

ಹಿಮಸಾರಂಗ ಸಾಕುವವರ ಸೀಡಾ ಸ್ವಲ್ಪ ಬೇರೆ ಥರ. ಇಲ್ಲಿ ಪ್ರಾಣಿ ಒಬ್ಬೊಬ್ಬರ ಸ್ವಂತದ್ದು, ಕಾಯುವ ಕೆಲಸ ಎಲ್ಲರದ್ದು. ಚಳಿಗಾಲದಲ್ಲಿ ಹಿಮಸಾರಂಗದ ಮುಖ್ಯ ಮೇವು ಹಿಮದಡಿಯ ಲೈಕೆನ್, ನಾವು ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಆ ಬಳಗದ್ದೇ. ಗೊರಸಿನಿಂದ ಹಿಮ ಅಗೆದು ತಿನ್ನಬೇಕು. ನಡುವೆ ಬೆಚ್ಚಗಾಗಿ ಮಳೆ ಬಂದು ಮತ್ತೆ ಹೆಪ್ಪುಗಟ್ಟಿತೋ, ಮೇವಿನ ಮೇಲೆ ಮಂಜುಗಡ್ಡೆಯ ಮುಚ್ಚಳ, ಪ್ರಾಣಿ ಹಸಿದು ಸಾಯುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹಿಂಡು ಸಣ್ಣದಾಗಿ ಒಡೆಯುತ್ತದೆ, ಜೊತೆಗಿರುವ ಕುಟುಂಬಗಳೂ ಕಡಿಮೆ. ಬೇಸಿಗೆಯಲ್ಲಿ ಹುಲ್ಲು ಸಮೃದ್ಧ, ಹಿಂಡುಗಳು ಸೇರಿಕೊಳ್ಳುತ್ತವೆ, ಜನರೂ ಸೇರುತ್ತಾರೆ. ಚಳಿಗಾಲದ್ದಕ್ಕೆ ದಾಲ್ವೆಸೀಡಾ ಅಂತಲೂ ಬೇಸಿಗೆಯದ್ದಕ್ಕೆ ಗೆಅಸ್ಸೆಸೀಡಾ ಅಂತಲೂ ಬೇರೆ ಬೇರೆ ಹೆಸರೇ ಇವೆ. ಯಾರ ಜೊತೆ ಇರಬೇಕು ಅನ್ನೋದು ನೆಂಟಸ್ತನ, ಸ್ನೇಹ, ಆ ವರ್ಷದ ಮೇವು, ಕೈಗೆ ಸಿಗುವ ಆಳು, ಇದನ್ನೆಲ್ಲ ನೋಡಿಕೊಂಡು ಮಾಡುವ ಲೆಕ್ಕ.

ಹಿಂಡು ಸೇರಿದ ಮೇಲೆ ಯಾವುದು ಯಾರದ್ದು ಅಂತ ಗೊತ್ತಾಗೋದು ಹೇಗೆ? ಕಿವಿ ನೋಡಿ. ಪ್ರತಿ ಮಾಲೀಕರಿಗೂ ನೋಂದಾಯಿತ ಕಿವಿ ಗುರುತು ಇರುತ್ತದೆ, ಎಡಗಿವಿಗೆ ಇಂಥ ಕಚ್ಚು, ಬಲಗಿವಿಗೆ ಅಂಥ ಕಚ್ಚು ಅಂತ. ಬೇಸಿಗೆಯ ಶುರುವಿನಲ್ಲಿ ಸೊಳ್ಳೆ, ನೊಣದ ಕಾಟಕ್ಕೆ ಹಿಮಸಾರಂಗಗಳು ತಾವಾಗಿಯೇ ಒತ್ತೊತ್ತಾಗಿ ಗುಂಪು ಸೇರುತ್ತವೆ, ಆಗ ಬೇಲಿಯೊಳಗೆ ಹೊಡೆದುಕೊಂಡು ಬರುತ್ತಾರೆ. ಕೆಲಸ ನಡೆಯುವುದು ರಾತ್ರಿ. ಸೂರ್ಯ ಮುಳುಗೋದೇ ಇಲ್ಲವಲ್ಲ, ಬೆಳಕಿರುತ್ತದೆ, ಹಗಲಿನ ಸೆಕೆ ಇರೋದಿಲ್ಲ. ಫಿನ್‌ಲ್ಯಾಂಡ್ ಕಡೆ ಮರಿಗಳ ಕುತ್ತಿಗೆಗೆ ಮೊದಲು ನಂಬರಿನ ಚೀಟಿ ಕಟ್ಟಿ ಬಿಡುತ್ತಾರೆ. ಆಮೇಲೆ ಬೇಲಿಯೊಳಗೆ ಸುಮ್ನೆ ನಿಂತು ನೋಡೋದು: ಯಾವ ನಂಬರಿನ ಮರಿ ಯಾವ ತಾಯಿಯ ಹಿಂದೆ ಹೋಗುತ್ತದೆ? ತಾಯಿಯ ಕಿವಿಯಲ್ಲಿ ಯಾರ ಗುರುತಿದೆಯೋ ಮರಿ ಅವರದ್ದು. ನಂಬರ್ ಬರೆದುಕೊಂಡು, ಮರಿ ಹಿಡಿದು, ಚಾಕುವಿನಿಂದ ಅದೇ ಗುರುತು ಹಾಕಿ ಬಿಡುತ್ತಾರೆ. ನೂರಾರು ತಾಯಂದಿರು, ನೂರಾರು ಮರಿಗಳು ಒಂದೇ ಸಮನೆ ಸುತ್ತುತ್ತಿರುವಾಗ ಕಿವಿಯ ಅಂಚಿನ ಒಂದು ಸಣ್ಣ ಕಚ್ಚನ್ನು ದೂರದಿಂದ ಓದೋ ಕಣ್ಣು ಬೇಕು.

ಇಲ್ಲೇ ಒಂದು ಕಿವಿಮಾತು. ಟೂರ್‌ನಲ್ಲಿ ಸಿಗುವ ಸಾಮಿಗಳನ್ನು “ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ?” ಅಂತ ಕೇಳಬೇಡಿ. ಸಂಬಳ ಎಷ್ಟು ಅಂತ ಕೇಳಿದ ಹಾಗೆ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಸಂಬಳ ಕೇಳುತ್ತಾರೆ ನಿಜ, ಅಲ್ಲಿ ಅದು ನಡೆಯೋದಿಲ್ಲ.

ಈಗ ಆ ‘ಉತ್ತರದ ಕಾಡು’ ವಿಷಯಕ್ಕೆ ಬರೋಣ. ಇನಾರಿ ಪುರಸಭೆಯ ವಿಸ್ತೀರ್ಣ 17,000 ಚದರ ಕಿಲೋಮೀಟರ್ ದಾಟುತ್ತದೆ, ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಜನ ಸುಮಾರು 7,000. ವ್ಯಾನಿನ ಕಿಟಕಿಯಿಂದ ನೋಡಿದರೆ ಪೈನ್ ಮರ, ಕೆರೆ, ಮತ್ತೆ ಪೈನ್ ಮರ. ಯಾರಿಗೂ ಸೇರದ ಜಾಗ ಅಂತ ಅನ್ನಿಸೋದು ಸಹಜ, ಟೂರ್ ಜಾಹೀರಾತುಗಳೂ ‘ಯಾರೂ ಮುಟ್ಟದ ಪ್ರಕೃತಿ’ ಅಂತಲೇ ಮಾರುತ್ತವೆ. ನನಗೆ ಆ ಮಾತು ಸರಿ ಅನ್ನಿಸೋದಿಲ್ಲ. ಸೀಡಾ ಅರ್ಥವಾದರೆ ಆ ಕಾಡು ಬೇರೆಯಾಗಿ ಕಾಣುತ್ತದೆ. ಆ ಕೆರೆ ಯಾರದ್ದೋ ಮನೆಯ ಮೀನಿನ ನೀರು, ಈ ಜೌಗು ಯಾರೋ ಕ್ಲೌಡ್‌ಬೆರಿ ಕೊಯ್ಯುವ ಜಾಗ, ಆ ಬೋಳು ಗುಡ್ಡ ಹಿಂಡು ಗಾಳಿಗೆ ನಿಲ್ಲುವ ಜಾಗ. ಬೇಲಿ ಇಲ್ಲ, ಬೋರ್ಡ್ ಇಲ್ಲ, ಲೆಕ್ಕ ಮಾತ್ರ ಇತ್ತು. ಈ ಲೆಕ್ಕ ಕಾಣದ ಸರ್ಕಾರಗಳು ಖಾಲಿ ಜಾಗ ಅಂದುಕೊಂಡು ತಮ್ಮ ಹೆಸರಿಗೆ ಬರೆದುಕೊಂಡವು.

ಗಡಿಗಳು ಮಾಡಿದ ಪೆಟ್ಟು ಇನ್ನೂ ದೊಡ್ಡದು. 1751ರಲ್ಲಿ ನಾರ್ವೆ ಮತ್ತು ಸ್ವೀಡನ್ ನಡುವೆ ಗಡಿ ಎಳೆದಾಗ, ಸಾಮಿಗಳು ಹಿಂಡಿನೊಂದಿಗೆ ದಾಟಬಹುದು ಅಂತ ಒಪ್ಪಂದಕ್ಕೆ ಒಂದು ಅನುಬಂಧ ಸೇರಿಸಿದ್ದರು. 1852ರಲ್ಲಿ ನಾರ್ವೆ ಮತ್ತು ಆಗ ರಷ್ಯಾದ ಕೈಕೆಳಗಿದ್ದ ಫಿನ್‌ಲ್ಯಾಂಡ್ ನಡುವಿನ ಗಡಿ ಹಿಂಡುಗಳಿಗೆ ಮುಚ್ಚಿತು. 1889ರಲ್ಲಿ ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ನಡುವಿನದ್ದೂ ಮುಚ್ಚಿತು. ಬೇಸಿಗೆಗೆ ನಾರ್ವೆಯ ಕಡಲ ತೀರ, ಚಳಿಗಾಲಕ್ಕೆ ಫಿನ್‌ಲ್ಯಾಂಡಿನ ಒಳನಾಡು ಅಂತ ಬದುಕಿದ್ದ ಸೀಡಾಗಳ ಅರ್ಧ ವರ್ಷವೇ ಕತ್ತರಿಸಿ ಹೋಯಿತು.

ಇವತ್ತು ಸೀಡಾದ ಸ್ಥಿತಿ ದೇಶಕ್ಕೊಂದು ಥರ. ನಾರ್ವೆ 2007ರ ಹಿಮಸಾರಂಗ ಸಾಕಾಣಿಕೆ ಕಾನೂನಿನಲ್ಲಿ ಸೀಡಾವನ್ನು ಹೆಸರಿಟ್ಟೇ ಒಪ್ಪಿಕೊಂಡಿತು. ಸ್ವೀಡನ್‌ನಲ್ಲಿ ಅದರ ಜಾಗದಲ್ಲಿ ‘ಸಾಮೆಬ್ಯು’ ಅನ್ನೋ ಕಾನೂನಿನ ಸಂಘಗಳಿವೆ, 51. ಅದರಲ್ಲಿ ಒಂದಾದ ಗಿರ್ಯಾಸ್, ತನ್ನ ಪ್ರದೇಶದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿ ಕೊಡುವ ಹಕ್ಕು ಸರ್ಕಾರದ್ದಲ್ಲ, ತನ್ನದು ಅಂತ ವಾದಿಸಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಫಿನ್‌ಲ್ಯಾಂಡಿನಲ್ಲಿ ಮಾತ್ರ ಪದ ಕಾನೂನಿನ ಒಳಗೆ ಬರಲೇ ಇಲ್ಲ. ಅಲ್ಲಿರೋದು ‘ಪಾಲಿಸ್ಕುಂತಾ’ ಅನ್ನೋ ಸಹಕಾರಿ ವ್ಯವಸ್ಥೆ, ಒಟ್ಟು 54. ಹಿಮಸಾರಂಗ ಪ್ರದೇಶದಲ್ಲಿ ನೆಲೆಸಿದ ಯುರೋಪಿಯನ್ ಒಕ್ಕೂಟದ ಯಾವ ಪ್ರಜೆಯೂ ಅಲ್ಲಿ ಹಿಮಸಾರಂಗ ಸಾಕಬಹುದು, ಸಾಮಿಯೇ ಆಗಬೇಕಿಲ್ಲ. ಕೆಲವು ಪಾಲಿಸ್ಕುಂತಾಗಳ ಒಳಗೆ ಸೀಡಾಗಳು ಈಗಲೂ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ, ಕಾಗದದಲ್ಲಿ ಇಲ್ಲ ಅಷ್ಟೇ.

ಸೀಡಾ ಹಳೆಯ ಕಾಲದ ಮಾತು ಅಂದುಕೊಳ್ಳುವವರು ಫೋಸೆನ್ ಕೇಸ್ ನೋಡಬೇಕು. ನಾರ್ವೆಯ ಫೋಸೆನ್‌ನಲ್ಲಿ ಚಳಿಗಾಲದ ಮೇವಿನ ಜಾಗದಲ್ಲಿ 151 ಗಾಳಿಯಂತ್ರ ನಿಲ್ಲಿಸಿದರು. ಅಲ್ಲಿನ ದಕ್ಷಿಣ ಮತ್ತು ಉತ್ತರ ಭಾಗದ ಎರಡು ಸೀಡಾಗಳ ವಾದ ಕೇಳಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಆ ಪರವಾನಗಿಗಳು ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಉಲ್ಲಂಘಿಸಿವೆ, ಸಿಂಧುವಲ್ಲ ಅಂದಿತು. ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಕ ಯುವತಿಯರು ಓಸ್ಲೋದ ಸಚಿವಾಲಯಗಳ ಬಾಗಿಲಲ್ಲೇ ಕೂತರು. ಅದಾದ ಮೇಲೆ ಒಂದು ಕಡೆಯವರ ಜೊತೆ ಅದೇ ಡಿಸೆಂಬರ್‌ನಲ್ಲಿ, ಇನ್ನೊಂದು ಕಡೆಯವರ ಜೊತೆ 2024ರ ಮಾರ್ಚ್‌ನಲ್ಲಿ ಒಪ್ಪಂದ ಆಯಿತು.

ಟೂರ್ ಆರಿಸುವಾಗ ಇಷ್ಟು ನೋಡಿಕೊಳ್ಳಿ. ನಾಯಿ ಗಾಡಿ, ಇಗ್ಲೂ, ಚರ್ಮದ ಬಟ್ಟೆ ಹಾಕಿಕೊಂಡ ‘ಮಂತ್ರವಾದಿ’ಯಿಂದ ಹಣೆಗೆ ಮಸಿ ಹಚ್ಚಿಸಿಕೊಳ್ಳುವ ಶೋ, ಇವ್ಯಾವೂ ಸಾಮಿಗಳದ್ದಲ್ಲ, ಪ್ರವಾಸೋದ್ಯಮ ಅಲ್ಲಿಗೆ ತಂದಿದ್ದು. ನಾಯಿ ಗಾಡಿ ಮಜಾ ಇರಬಹುದು, ಹೋಗಿ, ಆದರೆ ಸಾಮಿ ಸಂಸ್ಕೃತಿ ನೋಡಿದೆ ಅಂತ ಹೇಳಬೇಡಿ. ಇಂಥದ್ದರಿಂದ ಬೇಸತ್ತು ಫಿನ್‌ಲ್ಯಾಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿಸೂತ್ರಗಳನ್ನು ಹೊರಡಿಸಿದೆ. ಹಿಮಸಾರಂಗ ಸಾಕುವ ಮನೆಯವರೇ ನಡೆಸುವ ಟೂರ್ ಸಿಕ್ಕರೆ ಅದೇ ಮೇಲು. ಅಲ್ಲಿ ಸಂಖ್ಯೆ ಬಿಟ್ಟು ಬೇರೆ ಏನು ಬೇಕಾದರೂ ಕೇಳಿ: ಚಳಿಗಾಲಕ್ಕೆ ಹಿಂಡು ಎಲ್ಲಿಗೆ ಹೋಗುತ್ತದೆ, ಯಾರ ಜೊತೆ ಸೇರಿ ಕಾಯುತ್ತೀರಿ, ಈ ವರ್ಷ ಹಿಮ ಹೇಗಿತ್ತು. ಇವೆಲ್ಲ ಸೀಡಾದ ಬಗ್ಗೆಯೇ ಕೇಳಿದ ಹಾಗೆ, ಮಾತು ಬೇಗ ಮುಗಿಯೋದಿಲ್ಲ.